ಲಸಿಕೆಯ ದಿನ, ಜ್ವರದ ರಾತ್ರಿ

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಈಗ ಲಸಿಕೆ ಕೋಣೆಯಲ್ಲಿ ಕೂರುತ್ತೇನೆ. ಬಾಗಿಲಲ್ಲೇ ಅಮ್ಮಂದಿರು ಕೇಳುವ ಪ್ರಶ್ನೆ ಒಂದೇ: "ಸಿಸ್ಟರ್, ಮಗುವಿಗೆ ಮೂಗು ಸೋರ್ತಿದೆ, ಇವತ್ತು ಹಾಕಿಸಬಹುದಾ?"

ಹಾಕಿಸಬಹುದು. ಸಣ್ಣ ನೆಗಡಿ, ಸ್ವಲ್ಪ ಕೆಮ್ಮು ಲಸಿಕೆಗೆ ಅಡ್ಡಿಯಲ್ಲ. ಜೋರು ಜ್ವರ ಬಂದು ಮಗು ಸೊರಗಿದ್ದರೆ, ಇಲ್ಲವೇ ಹಿಂದಿನ ಡೋಸ್ ಆದ ಕೂಡಲೇ ಮೈಯೆಲ್ಲ ದದ್ದು ಎದ್ದು ಉಸಿರಾಟಕ್ಕೆ ಕಷ್ಟವಾಗಿದ್ದರೆ ಮಾತ್ರ ಮೊದಲು ವೈದ್ಯರ ಹತ್ತಿರ ಮಾತಾಡಿ. ನಡುವೆ ಒಂದು ಡೋಸ್ ತಪ್ಪಿಹೋಗಿದೆಯಾ? ಮೊದಲಿಂದ ಶುರು ಮಾಡಬೇಕಿಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿದರೆ ಸಾಕು. ಬೈತಾರೆ ಅಂತ ಹೆದರಿ ಬಾರದೇ ಇರುವವರೇ ಜಾಸ್ತಿ. ನಾನಂತೂ ಬೈಯುವುದಿಲ್ಲ.

ಆದರೆ ಸುಮ್ನೆ ಮುಂದೂಡಬೇಡಿ. ನಾಯಿಕೆಮ್ಮು ದೊಡ್ಡವರಿಗೆ ವಾರಗಟ್ಟಲೆ ಕಾಡುವ ಕೆಮ್ಮು, ಅಷ್ಟೇ. ಎರಡು ತಿಂಗಳ ಕೂಸಿಗೆ ಹಾಗಲ್ಲ. ಕೆಲವು ಕೂಸುಗಳು ಕೆಮ್ಮುವುದೇ ಇಲ್ಲ, ಉಸಿರು ನಿಂತು ನೀಲಿಗಟ್ಟುತ್ತವೆ. ತಾಯಿ ಬಸುರಿಯಾಗಿದ್ದಾಗಲೇ ನಾಯಿಕೆಮ್ಮಿನ ಲಸಿಕೆ ಹಾಕಿಸಿಕೊಂಡಿದ್ದರೆ ಆ ರಕ್ಷಣೆ ಹೊಟ್ಟೆಯಲ್ಲಿರುವಾಗಲೇ ಕೂಸಿಗೆ ಸಿಗುತ್ತದೆ.

ಹಿಬ್ ಮತ್ತು ನ್ಯುಮೊಕಾಕಸ್ ಅನ್ನುವ ಎರಡು ಬ್ಯಾಕ್ಟೀರಿಯಾಗಳದ್ದು ಬೇರೆ ಕಥೆ. ನ್ಯುಮೋನಿಯಾ, ಮಿದುಳಿನ ಪೊರೆಗೆ ತಗಲುವ ಮೆನಿಂಜೈಟಿಸ್ ಇವುಗಳಿಂದಲೂ ಬರುತ್ತವೆ. ಇವುಗಳ ಮೇಲೆ ಒಂದು ಬಗೆಯ ಸಕ್ಕರೆಯ ಕವಚ ಇರುತ್ತದೆ. ಎರಡು ವರ್ಷದೊಳಗಿನ ಮಗುವಿನ ಮೈ ಬರೀ ಆ ಸಕ್ಕರೆಯನ್ನು ಶತ್ರು ಅಂತ ಸರಿಯಾಗಿ ಗುರುತಿಸುವುದಿಲ್ಲ. ಅದಕ್ಕೇ ಅದನ್ನು ಒಂದು ಪ್ರೋಟೀನಿಗೆ ಜೋಡಿಸಿ ಲಸಿಕೆ ಮಾಡಿದರು: ಹಿಬ್‌ಗೆ 1980ರ ದಶಕದ ಕೊನೆಯಲ್ಲಿ, ನ್ಯುಮೊಕಾಕಸ್‌ಗೆ 2000ದಲ್ಲಿ. ಅಮೆರಿಕದ ಪುಟ್ಟ ಮಕ್ಕಳಲ್ಲಿ ಹಿಬ್‌ನ ತೀವ್ರ ಸೋಂಕು ಶೇಕಡಾ 99ರಷ್ಟು ಇಳಿಯಿತು. ನನಗೆ ಇನ್ನೂ ಸೋಜಿಗ ಅನ್ನಿಸುವುದು ಇದು: ನ್ಯುಮೊಕಾಕಸ್ ಲಸಿಕೆ ಹಾಕಿದ್ದು ಮಕ್ಕಳಿಗೆ, ಕಾಯಿಲೆ ಕಡಿಮೆಯಾಗಿದ್ದು ಅಜ್ಜ ಅಜ್ಜಿಯರಿಗೂ. ಆ ಬ್ಯಾಕ್ಟೀರಿಯಾ ಮನೆಮಾಡುವುದೇ ಮಕ್ಕಳ ಮೂಗು ಗಂಟಲಲ್ಲಿ ನೋಡಿ!

ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ತೀವ್ರ ಅಲರ್ಜಿ ಬಹಳ ಅಪರೂಪ, ಬಂದರೆ ಬೇಗ ಬರುತ್ತದೆ. ಒಂದೆರಡು ದಿನ ಜ್ವರ, ತೊಡೆಯಲ್ಲಿ ನೋವು, ರಂಪ ಇರಬಹುದು. ಪ್ಯಾರಸಿಟಮಾಲ್ ಕೊಡುವುದಾದರೆ ಮಗುವಿನ ತೂಕ ಹೇಳಿ, ಎಷ್ಟು ಅಂತ ಕೇಳಿಕೊಳ್ಳಿ. ಆಸ್ಪಿರಿನ್ ಬೇಡವೇ ಬೇಡ. ಚುಚ್ಚಿದ ಜಾಗ ಉಜ್ಜಬೇಡಿ. ಕ್ಷಯದ ಲಸಿಕೆ ಬಿಸಿಜಿ ಹಾಕಿದ ಕಡೆ ಕೆಲವು ವಾರ ಬಿಟ್ಟು ಗುಳ್ಳೆ ಎದ್ದು ಒಡೆಯುತ್ತದೆ. ಅದು ಇರುವುದೇ ಹಾಗೆ, ಮುಲಾಮು ಹಚ್ಚಲು ಹೋಗಬೇಡಿ.

ಇನ್ನು ಮುಖ್ಯವಾದದ್ದು. ಲಸಿಕೆ ಆಗಿದ್ದರೂ ನ್ಯುಮೋನಿಯಾ ಬರಬಹುದು. ನ್ಯುಮೊಕಾಕಸ್ ಒಂದರಲ್ಲೇ 90ಕ್ಕೂ ಹೆಚ್ಚು ಬಗೆಗಳಿವೆ, ಲಸಿಕೆಯಲ್ಲಿರುವುದು ಅವುಗಳಲ್ಲಿ ಕೆಲವು ಮಾತ್ರ. ನನ್ನ ಮಗನಿಗೆ ಹತ್ತು ತಿಂಗಳು. ಎಲ್ಲ ಡೋಸೂ ಆಗಿತ್ತು. ಒಂದು ರಾತ್ರಿ ಜ್ವರ, ಜೊತೆಗೆ ಏದುಸಿರು. ವಾರ್ಡಿನಲ್ಲಿ ಎಷ್ಟೋ ಮಕ್ಕಳ ಉಸಿರು ಎಣಿಸಿದವಳಿಗೆ ಅವತ್ತು ಮೂವತ್ತರ ಆಚೆ ಲೆಕ್ಕ ತಪ್ಪುತ್ತಿತ್ತು. ಕೊನೆಗೆ ಯಜಮಾನರು ಗಡಿಯಾರ ಹಿಡಿದರು, ನಾನು ಎಣಿಸಿದೆ. 56. ಅದು ನ್ಯುಮೋನಿಯಾ.

ಎಣಿಸುವುದು ಹೀಗೆ. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಮಲಗಿದ್ದರೆ ಒಳ್ಳೆಯದು. ಅಂಗಿ ಮೇಲೆ ಸರಿಸಿ, ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು. ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಜಾಣತನ ಬೇಡ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರ ಹತ್ತಿರ ಹೋಗಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ.

ಮೂರು ತಿಂಗಳೊಳಗಿನ ಕೂಸಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ಕಾಯಬೇಡಿ. ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಹಾಲು ಬಿಟ್ಟರೆ ಕೂಡ ಹಾಗೇ. ಮೈಮೇಲೆ ಕೆಂಪು, ನೇರಳೆ ಚುಕ್ಕೆ ಕಂಡರೆ ಗಾಜಿನ ಲೋಟದ ಬದಿಯನ್ನು ಒತ್ತಿ ನೋಡಿ. ಗಾಜಿನಡಿ ಚುಕ್ಕೆ ಮಾಯವಾಗದಿದ್ದರೆ ರಕ್ತಕ್ಕೇ ಸೋಂಕು ಇಳಿದಿರಬಹುದು. ಚುಕ್ಕೆ ಮಾಯವಾದರೂ ಮಗು ಮಂಕಾಗಿದ್ದರೆ ಹೋಗಲೇಬೇಕು.

ಹೋಗುವಾಗ ಮನೆಯಲ್ಲಿ ಮಿಕ್ಕ ಆಂಟಿಬಯಾಟಿಕ್ ಕೊಟ್ಟು ಹೋಗಬೇಡಿ. ಉಸಿರಿನ ಲೆಕ್ಕ, ಎಣಿಸಿದ ಹೊತ್ತು ಚೀಟಿಯಲ್ಲಿ ಬರೆದುಕೊಳ್ಳಿ. ಲಸಿಕೆ ಕಾರ್ಡನ್ನೂ ತೆಗೆದುಕೊಳ್ಳಿ. ಯಾವ ಡೋಸ್ ಆಗಿದೆ, ಯಾವುದು ಬಾಕಿ ಅಂತ ವೈದ್ಯರು ಕೇಳುತ್ತಾರೆ, ಗಾಬರಿಯಲ್ಲಿ ನಿಮಗೆ ನೆನಪಾಗುವುದಿಲ್ಲ. ನನಗೇ ಆಗಲಿಲ್ಲ.