ಐಂಡ್‌ಹೋವನ್ ಸುತ್ತಮುತ್ತ ಕೈಗೆಟಕುವ ಬಾಡಿಗೆ ಮನೆ: ನನ್ನ ಅನುಭವ

ಎಎಸ್‌ಎಂಎಲ್, ಎನ್‌ಎಕ್ಸ್‌ಪಿಯಂಥ ಚಿಪ್ ಉದ್ಯಮದ ಕಂಪನಿಗಳಲ್ಲಿ ಕೆಲಸ ಸಿಕ್ಕಿ ಬೆಂಗಳೂರಿನಿಂದ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ಕಡೆಗೆ ಬರುವವರು ವಿಮಾನ ಹತ್ತುವ ಮೊದಲೇ ಜಾಹೀರಾತು ನೋಡಲು ಕೂರುತ್ತಾರೆ. ಅದಕ್ಕೂ ಮೊದಲು ಒಂದು ಲೆಕ್ಕ ಮಾಡಿಕೊಳ್ಳಿ. ನೆದರ್ಲೆಂಡ್ಸ್‌ನಲ್ಲಿ ಬಾಡಿಗೆ ಎಷ್ಟಿರಬೇಕು ಅನ್ನುವುದನ್ನು ಬಹಳಷ್ಟು ಮನೆಗಳ ಮಟ್ಟಿಗೆ ಮಾಲೀಕ ನಿರ್ಧರಿಸುವ ಹಾಗಿಲ್ಲ, ಮನೆಯ ಅಳತೆ, ಗುಣಮಟ್ಟ ನೋಡಿ ಲೆಕ್ಕ ಹಾಕುವ ಪಾಯಿಂಟುಗಳು ನಿರ್ಧರಿಸುತ್ತವೆ. 2024ರ ಜುಲೈ 1ರಂದು ಜಾರಿಗೆ ಬಂದ ಕೈಗೆಟಕುವ ಬಾಡಿಗೆ ಕಾಯ್ದೆಯ ಪ್ರಕಾರ 143 ಪಾಯಿಂಟುಗಳವರೆಗಿನದು ಕೆಳ ವಿಭಾಗ, 144ರಿಂದ 186 ಮಧ್ಯಮ ವಿಭಾಗ, 187 ಮುಟ್ಟಿದರೆ ಮುಕ್ತ ವಿಭಾಗ, ಅಲ್ಲಿ ಮಾಲೀಕ ಹೇಳಿದ್ದೇ ಬಾಡಿಗೆ. 2025ರಲ್ಲಿ ಕೆಳ ವಿಭಾಗದ ಗರಿಷ್ಠ ಮೂಲ ಬಾಡಿಗೆ 900.07 ಯೂರೋ, ಮಧ್ಯಮ ವಿಭಾಗದ್ದು 1,184.82 ಯೂರೋ. ಪ್ರತಿ ಜನವರಿಯಲ್ಲಿ ಈ ಅಂಕಿಗಳು ಬದಲಾಗುತ್ತವೆ, ಆ ವರ್ಷದ್ದನ್ನು ನೋಡಿಕೊಳ್ಳಬೇಕು.

ಕೆಳ ವಿಭಾಗದ ಮನೆಗಳಲ್ಲಿ ಹೆಚ್ಚಿನವು ಲಾಭದ ಉದ್ದೇಶವಿಲ್ಲದ ವಸತಿ ಸಂಸ್ಥೆಗಳ ಕೈಯಲ್ಲಿವೆ. ಅದಕ್ಕೆ ಆದಾಯದ ಮಿತಿ ಇದೆ: 2025ಕ್ಕೆ ಒಬ್ಬರೇ ಇದ್ದರೆ ವರ್ಷಕ್ಕೆ 49,669 ಯೂರೋ, ಇಬ್ಬರು ಅಥವಾ ಹೆಚ್ಚು ಜನರ ಮನೆಗೆ 54,847. ಮಿತಿಯೊಳಗೆ ಬಂದರೂ ಸರದಿ ವರ್ಷಗಟ್ಟಲೆ ಉದ್ದ. ಆದರೂ ಐಂಡ್‌ಹೋವನ್ ಭಾಗದ ವೋನಿಜೀ ಜಾಲತಾಣದಲ್ಲಿ ಬಂದ ವಾರವೇ ಹೆಸರು ನೋಂದಾಯಿಸಿ ಅಂತಲೇ ನಾನು ಎಲ್ಲರಿಗೂ ಹೇಳುವುದು. ಸರದಿ ಎಣಿಕೆ ಶುರುವಾಗುವುದು ನೋಂದಣಿ ದಿನದಿಂದ, ಜೊತೆಗೆ ಕೆಲವು ಮನೆಗಳನ್ನು ಲಾಟರಿ ಎತ್ತಿ ಹಂಚುತ್ತಾರೆ. ಹೆಸರು ಹಾಕಿ ಅದನ್ನು ಮರೆತುಬಿಡಿ.

ಹೊಸಬರಿಗೆ ನಿಜವಾಗಿ ಸಿಗುವುದು ಮಧ್ಯಮ ವಿಭಾಗ, ಅದರ ಪಕ್ಕದ ಅಗ್ಗದ ಮುಕ್ತ ವಿಭಾಗ. ಇಲ್ಲಿ ಮಾಲೀಕರು ಕೇಳುವುದು ತಿಂಗಳ ಒಟ್ಟು ಸಂಬಳ ಬಾಡಿಗೆಯ ಮೂರರಿಂದ ನಾಲ್ಕು ಪಟ್ಟು ಇರಬೇಕು ಅಂತ. ಮೂವತ್ತು ತುಂಬದವರಿಗೆ ನುರಿತ ವಲಸಿಗರ ಪರವಾನಗಿ ಸಿಗಲು 2025ರಲ್ಲಿ ಬೇಕಿದ್ದ ಕನಿಷ್ಠ ತಿಂಗಳ ಸಂಬಳ 4,171 ಯೂರೋ. ಮೂರು ಪಟ್ಟು ಕೇಳುವವರ ಬಳಿ ಅಷ್ಟಕ್ಕೆ 1,390ರವರೆಗಿನ ಮನೆ ಸಿಗಬಹುದು, ನಾಲ್ಕು ಪಟ್ಟು ಕೇಳುವವರ ಬಳಿ 1,040ಕ್ಕೇ ನಿಂತಿತು. ಹಾಗಾಗಿ ಬಾಡಿಗೆಗಿಂತ ಮೊದಲು ಈ ಪಟ್ಟನ್ನು ಓದಬೇಕು. ಜಾಹೀರಾತಿನಲ್ಲಿ ಇಲ್ಲದಿದ್ದರೆ ಏಜೆಂಟರಿಗೆ ಒಂದು ಸಾಲಿನ ಮೇಲ್ ಹಾಕಿ ಕೇಳಿ. ಹೆಂಡತಿಯ ಅಥವಾ ಗಂಡನ ಸಂಬಳವನ್ನು ಕೆಲವರು ಪೂರ್ತಿ ಹಿಡಿಯುತ್ತಾರೆ, ಕೆಲವರು ಅರ್ಧ. ಊರಿನಲ್ಲಿರುವ ಆಸ್ತಿ, ಅಪ್ಪನ ಗ್ಯಾರಂಟಿ ಇವೆಲ್ಲ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಜಾಗದ ವಿಷಯ. ಐಂಡ್‌ಹೋವನ್ ನಗರದ ಮಧ್ಯೆ, ಸ್ಟ್ರೈಪ್-ಎಸ್ ಕಡೆ ಮನೆ ಬೇಕು ಅಂತ ಹಟ ಹಿಡಿದರೆ ಖರ್ಚು ಏರುತ್ತದೆ. ಹೆಲ್ಮಂಡ್‌ನಿಂದ ಐಂಡ್‌ಹೋವನ್‌ಗೆ ರೈಲಿನಲ್ಲಿ ಹತ್ತು ನಿಮಿಷ ಚಿಲ್ಲರೆ. ಬ್ರಾಂಡೆವೋರ್ಟ್ ಬಡಾವಣೆಗೆ ತನ್ನದೇ ನಿಲ್ದಾಣ ಇದೆ. ಬೆಸ್ಟ್, ಖೆಲ್ಡ್ರಾಪ್ ಇನ್ನೂ ಹತ್ತಿರ. ಸ್ವಲ್ಪ ದೂರ ಹೋಗಲು ತಯಾರಿದ್ದರೆ ಡರ್ನೆ, ವೇರ್ಟ್. ಪ್ರಯಾಣ ಭತ್ಯೆಯಾಗಿ 2025ರಲ್ಲಿ ಕಿಲೋಮೀಟರಿಗೆ 0.23 ಯೂರೋವರೆಗೆ ತೆರಿಗೆ ಇಲ್ಲದೆ ಕೊಡಲು ಕಂಪನಿಗೆ ಅವಕಾಶವಿತ್ತು, ಹಲವು ಕಂಪನಿಗಳು ರೈಲು ಪಾಸನ್ನೇ ಕೊಡುತ್ತವೆ. ಆಫರ್ ಲೆಟರ್‌ನಲ್ಲಿ ಅದು ಏನಿದೆ ಅಂತ ನೋಡಿದ ಮೇಲೆ ಊರು ಆರಿಸಿ. ಎಎಸ್‌ಎಂಎಲ್ ಇರುವ ಫೆಲ್ಡ್‌ಹೋವನ್‌ಗೆ ರೈಲೇ ಇಲ್ಲ. ಐಂಡ್‌ಹೋವನ್ ನಿಲ್ದಾಣದಿಂದ ಮತ್ತೆ ಬಸ್ಸು ಅಥವಾ ಸೈಕಲ್, ಆ ಸಮಯವನ್ನೂ ಕೂಡಿಸಿಕೊಳ್ಳಬೇಕು.

ಜಾಹೀರಾತಿನ ಭಾಷೆಯಲ್ಲಿ ದುಡ್ಡು ಅಡಗಿರುತ್ತದೆ. "ಕಾಲೆ ಹ್ಯೂರ್" ಅಂದರೆ ಬರೀ ಮನೆಯ ಬಾಡಿಗೆ. "ಸರ್ವಿಸ್‌ಕೋಸ್ಟನ್" ಮೆಟ್ಟಿಲು ದೀಪ, ಸ್ವಚ್ಛತೆ, ಲಿಫ್ಟು ಇತ್ಯಾದಿ. ಪಾಯಿಂಟಿನ ಮಿತಿ ಅನ್ವಯಿಸುವುದು ಕಾಲೆ ಹ್ಯೂರ್‌ಗೆ ಮಾತ್ರ. ಇನ್ನು ಮನೆ "ಕಾಲ್" ಎಂದಿದ್ದರೆ ನಿಜಕ್ಕೂ ಬೋಳು: ನೆಲಕ್ಕೆ ಕಾಂಕ್ರೀಟು, ಸೂರಿನಿಂದ ನೇತಾಡುವ ವೈರು, ಪರದೆ ಇಲ್ಲ. "ಖೆಸ್ಟೊಫೇರ್ಡ್" ಎಂದಿದ್ದರೆ ನೆಲಹಾಸು, ಪರದೆ ಇರುತ್ತವೆ. "ಖೆಮ್ಯೂಬಿಲೇರ್ಡ್" ಎಂದರೆ ಮಂಚ, ಸೋಫಾ ಸಮೇತ. ನೂರು ಯೂರೋ ಕಡಿಮೆ ಅಂತ ಬೋಳು ಫ್ಲಾಟ್ ಹಿಡಿದವರು ಲ್ಯಾಮಿನೇಟ್ ಹಾಕಿಸುವಾಗ ಬೆವರುತ್ತಾರೆ. ಫ್ಲಾಟುಗಳಲ್ಲಿ ಸಾಮಾನ್ಯವಾಗಿ ನೆಲದಡಿಯ ಪದರ ಸದ್ದನ್ನು 10 ಡೆಸಿಬೆಲ್ ತಗ್ಗಿಸುವಂಥದ್ದೇ ಇರಬೇಕು ಅನ್ನುವ ನಿಯಮ ಇರುತ್ತದೆ. ಅಗ್ಗದ ಫೋಮ್ ಹಾಕಿ ಕೆಳಮನೆಯವರು ದೂರು ಕೊಟ್ಟರೆ ಎಲ್ಲವನ್ನೂ ಕಿತ್ತು ಮತ್ತೆ ಹಾಕಬೇಕು. ಹಳೆಯ ಬಾಡಿಗೆದಾರರು ನೆಲ, ಪರದೆ ಬಿಟ್ಟುಹೋಗಿ ಅದಕ್ಕೆ ಬೆಲೆ ಕೇಳುವುದಕ್ಕೆ "ಓವರ್‌ನಾಮೆ" ಎನ್ನುತ್ತಾರೆ. ಅದು ತಪ್ಪಲ್ಲ, ವಸ್ತುವಿನ ಈಗಿನ ಬೆಲೆಗೆ ತಕ್ಕಂತೆ ಇರಬೇಕು ಅಷ್ಟೆ. ಹರಿದ ಕಾರ್ಪೆಟ್ಟಿಗೆ ಸಾವಿರಗಟ್ಟಲೆ ಕೇಳಿದರೆ ಅದು ಕೀಲಿ ಹಣ, ಅದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ.

ಇನ್ನೊಂದು ಪದ ಕಣ್ಣಿಗೆ ಬಿದ್ದರೆ ಮುಂದೆ ಓದಲೇಬೇಡಿ: ವಿಳಾಸ ನೋಂದಣಿ ಸಾಧ್ಯವಿಲ್ಲ. ನಾಲ್ಕು ತಿಂಗಳಿಗಿಂತ ಹೆಚ್ಚು ಇರುವವರು ಬಂದ ಐದು ದಿನಗಳೊಳಗೆ ಖೆಮೇಂಟೆಯಲ್ಲಿ, ಅಂದರೆ ನಗರಾಡಳಿತದಲ್ಲಿ, ವಿಳಾಸ ದಾಖಲಿಸಬೇಕು. ಬಿಎಸ್‌ಎನ್ ಎಂಬ ನಾಗರಿಕ ಸೇವಾ ಸಂಖ್ಯೆ ಸಿಗುವುದು ಅಲ್ಲಿಂದ. ಗುರುತಿನ ವಿವರ, ಬಿಎಸ್‌ಎನ್ ಸರಿಯಾಗಿ ಇಲ್ಲದಿದ್ದರೆ ಕಂಪನಿ ಸಂಬಳದಿಂದ ಶೇ. 52ರ ಅನಾಮಿಕ ದರದಲ್ಲಿ ತೆರಿಗೆ ಹಿಡಿಯಬೇಕಾಗುತ್ತದೆ. ಆರೋಗ್ಯ ವಿಮೆ, ಮಗುವಿನ ಶಾಲೆ, ಬ್ಯಾಂಕ್ ಎಲ್ಲವೂ ಇದರ ಬೆನ್ನಿಗೆ. ಮಾಲೀಕ ನೋಂದಣಿ ಬೇಡ ಎನ್ನುವುದಕ್ಕೆ ಸಾಮಾನ್ಯ ಕಾರಣಗಳೂ ಇವೆ: ಅವನೇ ಬಾಡಿಗೆದಾರನಾಗಿದ್ದು ಅನುಮತಿ ಇಲ್ಲದೆ ಒಳಬಾಡಿಗೆಗೆ ಕೊಡುತ್ತಿರುತ್ತಾನೆ, ಅಥವಾ ಮನೆ ಹಂಚಿಕೊಳ್ಳಲು ಬೇಕಾದ ಪರವಾನಗಿ ಇರುವುದಿಲ್ಲ. ಸಂಬಂಧವಿಲ್ಲದ ಮೂವರು ಗೆಳೆಯರು ಸೇರಿ ಒಂದು ಮನೆ ಹಿಡಿಯೋಣ ಅನ್ನುವ ಬೆಂಗಳೂರಿನ ಉಪಾಯ ಹಲವು ಊರುಗಳಲ್ಲಿ ಇದೇ ಪರವಾನಗಿಗೆ ತಗುಲಿ ನಿಲ್ಲುತ್ತದೆ. ಇಬ್ಬರಾದರೆ ತೊಂದರೆ ಕಡಿಮೆ.

ಆದ್ದರಿಂದ ಮೊದಲ ಎರಡು ಮೂರು ತಿಂಗಳಿಗೆ ಕಂಪನಿಯಿಂದ ವಿಳಾಸ ನೋಂದಣಿಗೆ ಒಪ್ಪುವ ತಾತ್ಕಾಲಿಕ ವಸತಿ ಕೇಳಿ ಪಡೆಯಿರಿ. ಆಫರ್ ಮಾತುಕತೆಯಲ್ಲಿ ಸಂಬಳಕ್ಕೆ ಇನ್ನೂರು ಯೂರೋ ಸೇರಿಸಲು ಜಗ್ಗಾಡುವುದಕ್ಕಿಂತ ಇದು ಲಾಭ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಕಾಗದಪತ್ರ. ಒಂದೇ ಪಿಡಿಎಫ್ ಕಡತ, ಹೆಸರು ಮತ್ತು ತಿಂಗಳು ಹಾಕಿ. ಅದರಲ್ಲಿ ಉದ್ಯೋಗ ಕರಾರು, ಕಂಪನಿ ಕೊಡುವ "ವೆರ್ಕ್‌ಖೇವರ್ಸ್‌ಫೆರ್‌ಕ್ಲಾರಿಂಗ್" ಅನ್ನುವ ಸಂಬಳ ಪತ್ರ, ಮೂರು ತಿಂಗಳ ಪೇ ಸ್ಲಿಪ್, ಸಂಬಳ ಬಿದ್ದದ್ದು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಪೋರ್ಟ್ ಮತ್ತು ವಾಸ ಪರವಾನಗಿಯ ಪ್ರತಿ. ಹೊಸಬರ ಬಳಿ ಪೇ ಸ್ಲಿಪ್ ಇರುವುದಿಲ್ಲ. ಆಗ ಸಂಬಳ ಪತ್ರವೇ ಆಧಾರ. ಕರಾರು ಒಂದು ವರ್ಷದ್ದಾಗಿದ್ದರೆ, ಕೆಲಸ ಚೆನ್ನಾಗಿದ್ದರೆ ಮುಂದುವರಿಸುತ್ತೇವೆ ಎನ್ನುವ "ಇಂಟೆನ್ಸಿಫೆರ್‌ಕ್ಲಾರಿಂಗ್" ಸಾಲು ಅದೇ ಪತ್ರದಲ್ಲಿ ಇರಬೇಕು. ಇದಿಲ್ಲದೆ ಅರ್ಜಿ ತಿರಸ್ಕಾರವಾಗುವುದು ಬಹಳ ಸಾಮಾನ್ಯ. ಎಚ್‌ಆರ್‌ನವರಿಗೆ ಪತ್ರ ಡಚ್ ಭಾಷೆಯಲ್ಲೇ ಕೊಡಿ ಎನ್ನಿ. ಪಾಸ್‌ಪೋರ್ಟ್ ಪ್ರತಿಯನ್ನು ಸರ್ಕಾರದ ಕೋಪೀಐಡಿ ಆ್ಯಪ್‌ನಲ್ಲಿ ತೆಗೆದು, ಬಿಎಸ್‌ಎನ್ ಮರೆಮಾಡಿ, ಯಾರಿಗೆ ಯಾವ ದಿನ ಕೊಟ್ಟಿದ್ದು ಎಂದು ಮೇಲೆ ಬರೆದೇ ಕಳಿಸಬೇಕು. ಮನೆ ನೋಡುವ ಹಂತದಲ್ಲಿ ಬಿಎಸ್‌ಎನ್ ಕೊಡಬೇಕಾಗಿಲ್ಲ.

ಮನೆ ಹುಡುಕುವ ಜಾಲತಾಣಗಳು: ಪರಾರಿಯುಸ್, ಫುಂಡಾ, ಹಾಲೆಂಡ್‌ಟುಸ್ಟೇ, ಒಂಟಿಯಾಗಿದ್ದರೆ ಕಾಮರ್‌ನೆಟ್. ಎಲ್ಲದರಲ್ಲೂ ಅಲರ್ಟ್ ಹಾಕಿಡಿ, ಬೆಳಗ್ಗೆ ಬಂದ ಜಾಹೀರಾತಿಗೆ ಸಂಜೆ ಆಫೀಸು ಮುಗಿಸಿ ಉತ್ತರಿಸಿದರೆ ಬಾಗಿಲು ಮುಚ್ಚಿರುತ್ತದೆ. ಐದು ಸಾಲಿನ ಸಂದೇಶ ಮೊದಲೇ ಬರೆದಿಟ್ಟುಕೊಳ್ಳಿ: ಎಷ್ಟು ಜನ, ಯಾವ ಕಂಪನಿ, ಒಟ್ಟು ಸಂಬಳ, ಯಾವ ದಿನದಿಂದ ಬೇಕು, ಯಾವಾಗ ಮನೆ ನೋಡಲು ಬರಬಹುದು. ಕುಟುಂಬದ ಇತಿಹಾಸ ಬೇಡ. ಡಚ್ ಮೊಬೈಲ್ ಸಂಖ್ಯೆ ಹಾಕಿ, ಏಕೆಂದರೆ ಏಜೆಂಟರು ಫೋನ್ ಮಾಡುತ್ತಾರೆ, ಪ್ಲಸ್ 91 ಕಂಡರೆ ಮುಂದಿನವರಿಗೆ ಹೋಗುತ್ತಾರೆ. ಆರು ತಿಂಗಳ ಬಾಡಿಗೆ ಮುಂಗಡ ಕೊಡುತ್ತೇನೆ ಅಂತ ಬರೆಯುವವರಿದ್ದಾರೆ. ಒಳ್ಳೆಯ ಮಾಲೀಕರ ಬಳಿ ಅದರಿಂದ ಏನೂ ಗಿಟ್ಟುವುದಿಲ್ಲ, ಮೋಸಗಾರರಿಗೆ ಮಾತ್ರ ಕಿವಿ ನಿಮಿರುತ್ತದೆ.

ಮೋಸದ ಜಾಡು ಹೆಚ್ಚುಕಮ್ಮಿ ಒಂದೇ: ಮಾಲೀಕ ವಿದೇಶದಲ್ಲಿದ್ದಾನೆ, ಹಣ ಬಂದ ಮೇಲೆ ಕೀಲಿ ಕೊರಿಯರ್. ಭಾರತದಲ್ಲಿ ಕೂತು ಹುಡುಕುವವರೇ ಇದಕ್ಕೆ ಬೀಳುವುದು. ಒಳಗೆ ಕಾಲಿಡದ ಮನೆಗೆ ಒಂದು ಯೂರೋ ಕೂಡ ಕೊಡಬಾರದು. ನೀವು ಹೋಗಲಾಗದಿದ್ದರೆ ಸಹೋದ್ಯೋಗಿಯನ್ನು ಕಳಿಸಿ. ಮನೆ ಯಾರ ಹೆಸರಲ್ಲಿದೆ ಅನ್ನುವುದು ಕಡಾಸ್ಟರ್ ಎಂಬ ಭೂದಾಖಲೆ ಕಚೇರಿಯ ಜಾಲತಾಣದಲ್ಲಿ ಕೆಲವು ಯೂರೋಗೆ ಸಿಗುತ್ತದೆ, ಏಜೆನ್ಸಿ ನಿಜವೋ ಎಂಬುದು ವಾಣಿಜ್ಯ ನೋಂದಣಿಯ ಕೆವಿಕೆ ಸಂಖ್ಯೆಯಿಂದ ತಿಳಿಯುತ್ತದೆ. ಹಣ ಕಳಿಸುವಾಗ ಖಾತೆಯ ಹೆಸರು ಹೊಂದುತ್ತಿಲ್ಲ ಅಂತ ಬ್ಯಾಂಕ್ ಎಚ್ಚರಿಸಿದರೆ ಅಲ್ಲೇ ನಿಲ್ಲಿಸಿ.

ಸಹಿ ಹಾಕುವ ದಿನ ಕೊಡಬೇಕಾದ್ದು ಮೊದಲ ತಿಂಗಳ ಬಾಡಿಗೆ ಮತ್ತು ಅಡ್ವಾನ್ಸ್. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. 2023ರ ಜುಲೈನಿಂದ ಎರಡು ತಿಂಗಳ ಕಾಲೆ ಹ್ಯೂರ್‌ಗಿಂತ ಹೆಚ್ಚು ಕೇಳುವಂತಿಲ್ಲ. 1,150 ಯೂರೋ ಮನೆಗೆ ಅಂದರೆ 3,450 ಕೈಯಲ್ಲಿರಬೇಕು, ಸರ್ವಿಸ್ ಖರ್ಚು ಬೇರೆ. ಮಾಲೀಕನ ಪರವಾಗಿ ಜಾಹೀರಾತು ಹಾಕಿದ ಏಜೆಂಟ್ ನಿಮ್ಮಿಂದ ಕಮಿಷನ್ ಪಡೆಯುವ ಹಾಗಿಲ್ಲ. ಆಡಳಿತ ಶುಲ್ಕ, ಕರಾರು ಶುಲ್ಕ ಅಂತ ಹೆಸರು ಬದಲಿಸಿ ಕೇಳಿದರೂ ಅದೇ. ನೀವೇ ಗೊತ್ತುಮಾಡಿಕೊಂಡು, ಬರೀ ನಿಮಗಾಗಿ ಹುಡುಕುವ ಏಜೆಂಟ್ ಇದ್ದರೆ ಮಾತ್ರ ಶುಲ್ಕ ನ್ಯಾಯ.

2024ರ ಜುಲೈ ನಂತರದ ಕರಾರುಗಳು ಸಾಮಾನ್ಯವಾಗಿ ಅವಧಿ ಮಿತಿ ಇಲ್ಲದವು. ವಿದ್ಯಾರ್ಥಿಗಳಂಥ ಕೆಲವು ಗುಂಪುಗಳಿಗೆ ಮಾತ್ರ ವಿನಾಯಿತಿ. ಮೊದಲ ಹನ್ನೆರಡು ತಿಂಗಳು ಬಿಡುವಂತಿಲ್ಲ ಎಂಬ ಷರತ್ತು ಇರಬಹುದು, ಬಿಡುವಾಗ ಒಂದು ತಿಂಗಳ ನೋಟಿಸ್. 2025ರಿಂದ ಹೊಸ ಕರಾರಿನ ಜೊತೆ ಪಾಯಿಂಟುಗಳ ಲೆಕ್ಕದ ಹಾಳೆಯನ್ನೂ ಮಾಲೀಕ ಕೊಡಲೇಬೇಕು.

ಆ ಹಾಳೆಯನ್ನು ನಂಬದೆ ಮನೆಗೆ ಬಂದ ಮೇಲೆ ನೀವೇ ಅಳೆಯಿರಿ. ಕೋಣೆ, ಅಡುಗೆಮನೆ, ಬಚ್ಚಲಿಗೆ ಚದರ ಮೀಟರಿಗೆ ಒಂದು ಪಾಯಿಂಟು, ಉಗ್ರಾಣದಂಥ ಜಾಗಕ್ಕೆ 0.75. ಇಳಿಜಾರು ಸೂರಿನಡಿ ಎತ್ತರ ಒಂದೂವರೆ ಮೀಟರಿಗಿಂತ ಕಡಿಮೆ ಇರುವ ನೆಲ ಲೆಕ್ಕಕ್ಕಿಲ್ಲ. ಅಟ್ಟದ ಮನೆಗಳಲ್ಲಿ ಮಾಲೀಕರ ಅಳತೆ ಉಬ್ಬುವುದು ಇಲ್ಲೇ. ಬಾಲ್ಕನಿ, ಹಿತ್ತಿಲು ಏನೂ ಇಲ್ಲದಿದ್ದರೆ ಐದು ಪಾಯಿಂಟು ಕಳೆಯುತ್ತಾರೆ. ಮನೆ ಎಷ್ಟು ಇಂಧನ ಉಳಿಸುತ್ತದೆ ಎಂದು ತೋರಿಸುವ ಇಂಧನ ಲೇಬಲ್ ಎ ಕಡೆಗಿದ್ದರೆ ಪಾಯಿಂಟು ಏರುತ್ತದೆ, ಇ, ಎಫ್, ಜಿ ಆದರೆ ಕಳೆಯುತ್ತದೆ. ತೆರಿಗೆಗಾಗಿ ನಗರಾಡಳಿತ ಕಟ್ಟುವ ವೋಜ್ ಮೌಲ್ಯವೂ ಸೇರುತ್ತದೆ. ಲೇಬಲ್, ವೋಜ್ ಎರಡೂ ಸಾರ್ವಜನಿಕ ಜಾಲತಾಣಗಳಲ್ಲಿ ವಿಳಾಸ ಹಾಕಿದರೆ ಸಿಗುತ್ತವೆ. ಇವನ್ನೆಲ್ಲ ಹ್ಯೂರ್‌ಕಮಿಸಿ ಎಂಬ ಬಾಡಿಗೆ ಆಯೋಗದ ಲೆಕ್ಕಪಟ್ಟಿಗೆ ತುಂಬಿದರೆ ಗರಿಷ್ಠ ಬಾಡಿಗೆ ಬರುತ್ತದೆ. ಲೆಕ್ಕ 186ರ ಒಳಗೆ ಇದ್ದು ಬಾಡಿಗೆ ಆ ಗರಿಷ್ಠಕ್ಕಿಂತ ಮೇಲಿದ್ದರೆ, ಕರಾರು ಶುರುವಾದ ಆರು ತಿಂಗಳೊಳಗೆ ಆಯೋಗಕ್ಕೆ ಅರ್ಜಿ ಹಾಕಿ. ಬಾಡಿಗೆದಾರರಿಗೆ ಶುಲ್ಕ 25 ಯೂರೋ, ಗೆದ್ದರೆ ವಾಪಸ್ಸು. ಎಲ್ಲ ಖರ್ಚೂ ಸೇರಿ ಒಂದೇ ಮೊತ್ತ ಎಂಬ ಕರಾರಾಗಿದ್ದರೆ ಆಯೋಗ ಅದನ್ನು ಬಿಡಿಸಿ, ಮೊತ್ತದ ಶೇ. 55ನ್ನು ಮೂಲ ಬಾಡಿಗೆ, ಶೇ. 25ನ್ನು ಸರ್ವಿಸ್ ಮುಂಗಡ ಎಂದು ಗೊತ್ತುಮಾಡಬಹುದು. ಮನೆ ನೋಡಲು ಹೋದಾಗ ಪಾಯಿಂಟಿನ ಮಾತೆತ್ತಿದರೆ ಮನೆ ಬೇರೆಯವರಿಗೆ ಹೋಗುತ್ತದೆ. ಸಹಿಯಾಗಿ ಕೀಲಿ ಕೈಗೆ ಬಂದ ಮೇಲೆ ಕೇಳಿ, ದೂರು ಕೊಟ್ಟರು ಅಂತ ಅವಧಿ ಮಿತಿ ಇಲ್ಲದ ಕರಾರನ್ನು ಮಾಲೀಕ ಮುರಿಯಲಾಗದು.

ಅಡುಗೆಮನೆಯಲ್ಲಿ ಗ್ಯಾಸೋ ಇಂಡಕ್ಷನ್ನೋ ನೋಡಿಕೊಳ್ಳಿ. ಊರಿನಿಂದ ಹೊತ್ತುತಂದ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಕೂಗುವುದಿಲ್ಲ, ಆದರೆ ಬೀಡುಕಬ್ಬಿಣದ ದೋಸೆ ಕಾವಲಿ ಕೆಲಸ ಮಾಡುತ್ತದೆ. ಕರೆಂಟು, ಬಿಸಿ ನೀರಿನ ಬಿಲ್ಲು, ಕಸದ ತೆರಿಗೆ, ಜಲಮಂಡಳಿ ತೆರಿಗೆ ಇವು ಬಾಡಿಗೆದಾರರ ತಲೆಗೇ ಬರುತ್ತವೆ, ಜಾಹೀರಾತಿನಲ್ಲಿ ಕಾಣುವುದಿಲ್ಲ.

ಕೀಲಿ ಪಡೆಯುವ ದಿನ "ಓಪ್ಲೇವರಿಂಗ್ಸ್‌ರಾಪೋರ್ಟ್" ಎಂಬ ಹಸ್ತಾಂತರ ವರದಿಗೆ ಇಬ್ಬರೂ ಸಹಿ ಮಾಡುತ್ತಾರೆ. ಮೀಟರ್ ಓದು, ಗೋಡೆಯ ಬಿರುಕು, ನೆಲದ ಗೀರು, ಬಚ್ಚಲ ಬೂಷ್ಟು ಎಲ್ಲವೂ ಅದರಲ್ಲಿ ಬರಲಿ, ದಿನಾಂಕ ಕಾಣುವ ಫೋಟೋಗಳನ್ನು ಅದೇ ದಿನ ಮಾಲೀಕನಿಗೆ ಮೇಲ್ ಮಾಡಿ. ಬಿಟ್ಟು ಹೋಗುವಾಗ ಅಡ್ವಾನ್ಸ್ 14 ದಿನಗಳಲ್ಲಿ ವಾಪಸ್ಸು ಬರಬೇಕು, ಏನಾದರೂ ಕಡಿತ ಇದ್ದರೆ ವಿವರದೊಂದಿಗೆ 30 ದಿನಗಳಲ್ಲಿ. ಆ ಮೇಲ್ ಇಲ್ಲದೆ ಕಡಿತವನ್ನು ಪ್ರಶ್ನಿಸುವುದು ಕಷ್ಟ.