ಲೋಗೋ ಕೆತ್ತುವ ಮೊದಲು ನಾನು ಕೇಳುವ ಪತ್ರ

ಕೊಡಗಿನ ಕುಶಾಲನಗರದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಹೋಂಸ್ಟೇ ಬೋರ್ಡು, ಮನೆಯ ನೇಮ್ ಪ್ಲೇಟು, ಅಂಗಡಿಗಳಿಗೆ ಎಲ್‌ಇಡಿ ಅಕ್ಷರ, ಹಾಕಿ ಪಂದ್ಯಕ್ಕೆ ನೆನಪಿನ ಕಾಣಿಕೆ, ಇಷ್ಟು ನನ್ನ ಕೆಲಸ. ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಒಂದು ಸಿಎನ್‌ಸಿ ರೂಟರ್, ಒಂದು ಲೇಸರ್ ಮಷಿನ್ ಇಟ್ಟುಕೊಂಡಿದ್ದೇನೆ. ಮರ ಅಂದರೆ ಹೆಚ್ಚಾಗಿ ಸಿಲ್ವರ್ ಓಕ್, ಇಲ್ಲವೇ ತೋಟದಲ್ಲಿ ಕಿತ್ತು ಹಾಕಿದ ಹಳೆ ಕಾಫಿ ಗಿಡದ ಬೊಡ್ಡೆ.

ಮೊದಲ ಎರಡು ವರ್ಷ ನನ್ನ ಅಂಗಡಿಯ ಬಾಡಿಗೆ ಕಟ್ಟಿದ್ದು ಒಂದೇ ಐಟಂ. ಕಾಫಿ ಮರದ ಕೀ ಹ್ಯಾಂಗರ್, ಅದರ ಮೇಲೆ ಒಂದು ಹೆಸರಾಂತ ಬೈಕ್ ಕಂಪನಿಯ ಲೋಗೋ. ಶನಿವಾರ ಬೆಂಗಳೂರಿನಿಂದ ಬೈಕ್ ಓಡಿಸಿಕೊಂಡು ಮಾಂದಲ್‌ಪಟ್ಟಿ ಕಡೆ ಹೋಗುವ ಹುಡುಗರು ವಾಪಸ್ ಬರುವಾಗ ನಿಲ್ಲಿಸಿ ತೆಗೆದುಕೊಳ್ಳುತ್ತಿದ್ದರು. ಇನ್‌ಸ್ಟಾಗ್ರಾಮ್‌ನಲ್ಲೂ ಆರ್ಡರ್ ಬರುತ್ತಿತ್ತು. ಲೋಗೋ ಎಲ್ಲಿಂದ ಬಂತು ಅಂದರೆ ಗೂಗಲ್‌ನಿಂದ. ಒಂದು ಚಿತ್ರ ಇಳಿಸಿಕೊಂಡೆ, ಕೋರಲ್ ಡ್ರಾ ಸಾಫ್ಟ್‌ವೇರಿನಲ್ಲಿ ಅದರ ಮೇಲೆ ಗೆರೆ ಎಳೆದು ಟ್ರೇಸ್ ಮಾಡಿದೆ, ಮಷಿನ್‌ಗೆ ಕೊಟ್ಟೆ. ಯಾರನ್ನಾದರೂ ಕೇಳಬೇಕು ಅನ್ನುವ ಯೋಚನೆಯೇ ಬರಲಿಲ್ಲ.

ಒಂದು ಮಳೆಗಾಲದಲ್ಲಿ ಆ ಕಂಪನಿಯ ಕಡೆಯಿಂದ ಈಮೇಲ್‌ಗೆ ನೋಟಿಸ್ ಬಂತು. ನನ್ನ ಪೋಸ್ಟ್‌ಗಳ ಫೋಟೋ ಸಮೇತ. ಪೋಸ್ಟ್ ತೆಗೆಯಿರಿ, ಮಾರುವುದನ್ನು ನಿಲ್ಲಿಸಿ, ಉಳಿದ ಮಾಲು ಎಷ್ಟಿದೆ ಎಂದು ಬರೆದು ಕೊಡಿ ಅಂತ ಇತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಮಡಿಕೇರಿಗೆ ಹೋಗಿ ಪರಿಚಯದ ವಕೀಲರನ್ನು ಕಂಡೆ.

ನಾನು ಹೇಳಿದ ಮೊದಲ ಮಾತು ಇವತ್ತಿಗೂ ಎಷ್ಟೋ ಜನ ಹೇಳುವ ಮಾತೇ: "ಸಾರ್, ಅವರು ಮಾಡುವುದು ಬೈಕ್. ನಾನು ಮಾಡುವುದು ಕೀ ಹ್ಯಾಂಗರ್. ಅವರಿಗೆ ಎಂತ ನಷ್ಟ?"

ವಕೀಲರು ಟ್ರೇಡ್ ಮಾರ್ಕ್ಸ್ ಕಾಯ್ದೆ, 1999ರ ಪುಸ್ತಕ ತೆಗೆದು 29ನೇ ಸೆಕ್ಷನ್ ತೋರಿಸಿದರು. ನೋಂದಣಿಯಾದ ಗುರುತನ್ನು ಒಪ್ಪಿಗೆ ಇಲ್ಲದೆ ವ್ಯಾಪಾರದಲ್ಲಿ ಬಳಸಿದರೆ ಅದು ಉಲ್ಲಂಘನೆ. ಗುರುತಿಗೆ ದೇಶದಲ್ಲಿ ಒಳ್ಳೆಯ ಹೆಸರಿದ್ದು, ಆ ಹೆಸರಿನ ಲಾಭವನ್ನು ನಾವು ಸುಮ್ನೆ ಪಡೆದರೆ, ನಮ್ಮ ಸಾಮಾನು ಬೇರೆ ಜಾತಿಯದ್ದಾದರೂ ತಪ್ಪೇ. "ನಿನ್ನ ಹ್ಯಾಂಗರ್ ಯಾಕೆ ಮಾರಾಟವಾಯಿತು ಮಾರಾಯ? ಆ ಲೋಗೋ ಇದ್ದದ್ದಕ್ಕೆ ಅಲ್ವಾ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸ್ವಲ್ಪ ಬದಲಾಯಿಸಿ ಮಾಡಿದರೆ? ಅದನ್ನೂ ಕೇಳಿದೆ. ನೂರಕ್ಕೆ ಇಷ್ಟು ಭಾಗ ಬದಲಾಯಿಸಿದರೆ ಸಾಕು ಅನ್ನುವ ಲೆಕ್ಕ ನಮ್ಮ ಕಸುಬಿನವರ ಬಾಯಲ್ಲಿ ಓಡಾಡುತ್ತಿರುತ್ತದೆ. ಅಂಥ ಲೆಕ್ಕ ಕಾನೂನಿನಲ್ಲಿ ಎಲ್ಲೂ ಇಲ್ಲ. ನೋಡಿದವರು ಇದೇ ಅದು ಅಂತ ಮೋಸ ಹೋಗುವಷ್ಟು ಹೋಲಿಕೆ ಇದೆಯಾ ಎನ್ನುವುದೇ ಪ್ರಶ್ನೆ. ಸುಳ್ಳು ಟ್ರೇಡ್‌ಮಾರ್ಕ್ ಹಾಕಿದ ಕೇಸಿನಲ್ಲಿ 103ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ ಅಂತ ಕೇಳಿದಾಗ ಕೈ ತಣ್ಣಗಾಯಿತು.

ನೋಟಿಸ್‌ಗೆ ಉತ್ತರ ಕೊಟ್ಟೆವು. ಒಪ್ಪಿಕೊಂಡು, ನಿಲ್ಲಿಸಿದ್ದೇನೆ ಎಂದು ಬರೆದೆವು. ವಿಷಯ ಅಲ್ಲಿಗೆ ಮುಗಿಯಿತು.

ಆದರೆ ಶೆಡ್ಡಿನಲ್ಲಿ 64 ಪೀಸ್ ಉಳಿದಿದ್ದವು. ಬಿಸಾಡಲು ಮನಸ್ಸು ಬರಲಿಲ್ಲ. ಕಾಫಿ ಮರ ಗಟ್ಟಿ, ಅದರ ಎಳೆ ಸಣ್ಣ, ಒಂದೊಂದು ಬೊಡ್ಡೆಯಲ್ಲಿ ಒಳ್ಳೆಯ ಹಲಗೆ ಸಿಗುವುದೇ ಅಪರೂಪ. ಸ್ಯಾಂಡರ್ ಹಾಕಿ ಲೋಗೋ ಅಳಿಸಲು ಕೂತೆ. ನಾನು 2 ಮಿಲಿಮೀಟರ್ ಆಳ ಕೆತ್ತಿದ್ದೆ. ಮೇಲಿನ ಪಾಲಿಶ್ ಹೋಗಿ ಬಿಳಿ ಮರ ಕಂಡರೂ ಅಕ್ಷರದ ಗೀರು ಹೋಗುತ್ತಿರಲಿಲ್ಲ. ತೇವಕ್ಕೆ ಸ್ಯಾಂಡ್ ಪೇಪರ್ ಬೇಗ ಬೇಗ ಕಟ್ಟಿಕೊಳ್ಳುತ್ತಿತ್ತು. ಕೊನೆಗೆ ಒಂದೊಂದನ್ನೂ ಮರ ಹೆರೆಯುವ ಪ್ಲೇನರ್‌ಗೆ ಕೊಟ್ಟು 18 ಮಿಲಿಮೀಟರ್ ಹಲಗೆಯನ್ನು 15ಕ್ಕೆ ಇಳಿಸಿದೆ. ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನದಲ್ಲಿ ನನ್ನ ಕೆಲಸದ ಬಗ್ಗೆ ನಾನು ಯೋಚಿಸಿದಷ್ಟು ಅದಕ್ಕೆ ಮೊದಲು ಯೋಚಿಸಿರಲಿಲ್ಲ.

ವಕೀಲರು ತೋರಿಸಿದ ಇನ್ನೊಂದು ಸಾಲು ನನ್ನ ಇಡೀ ಅಂಗಡಿಯನ್ನೇ ಬದಲಾಯಿಸಿತು. ಅದೇ 29ನೇ ಸೆಕ್ಷನ್ನಿನ 7ನೇ ಭಾಗ. ಬೋರ್ಡು ಬರೆಯುವ, ಲೇಬಲ್ ಮುದ್ರಿಸುವ, ಡಬ್ಬಿ ಮಾಡುವ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕು. ಜಾಹೀರಾತಿಗೋ ಪ್ಯಾಕಿಂಗಿಗೋ ಬಳಸುವ ವಸ್ತುವಿನ ಮೇಲೆ ಒಬ್ಬರ ಗುರುತನ್ನು ಹಾಕಿ ಕೊಟ್ಟವನೂ ಹೊಣೆಗಾರ. ಯಾವಾಗ? ಇದಕ್ಕೆ ಒಪ್ಪಿಗೆ ಇಲ್ಲ ಎಂದು ಅವನಿಗೆ ಗೊತ್ತಿದ್ದಾಗ, ಅಥವಾ ಗೊತ್ತಾಗಲು ಕಾರಣ ಇದ್ದಾಗ. "ಗಿರಾಕಿ ಹೇಳಿದ, ನಾನು ಮಾಡಿದೆ" ಅಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಒಪ್ಪಿಗೆಯ ಪತ್ರ ನನ್ನ ಫೈಲಿನಲ್ಲಿದ್ದರೆ ಮಾತ್ರ ನನಗೆ ನೆಮ್ಮದಿ.

ಅವತ್ತಿನಿಂದ ಲೋಗೋ ಇರುವ ಯಾವ ಆರ್ಡರ್ ಬಂದರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಇದು ನಿಮ್ಮದಾ? ನಿಮ್ಮದಲ್ಲ ಅಂದರೆ ಯಾರದ್ದೋ ಅವರ ಕಾಗದ ಬೇಕು. ಡೀಲರ್ ಆಗಿದ್ದರೆ ಡೀಲರ್ ಸರ್ಟಿಫಿಕೇಟ್, ಜೊತೆಗೆ ಇಂಥ ಜಾಗದಲ್ಲಿ ಇಂಥ ಅಳತೆಯ ಬೋರ್ಡಿಗೆ ಲೋಗೋ ಹಾಕಬಹುದು ಅನ್ನುವ ಒಂದು ಈಮೇಲ್. ಅಷ್ಟೇ.

ಮೊದಲ ಸಲ ಹೀಗೆ ಕೇಳಿದ್ದು ವಿರಾಜಪೇಟೆಯ ಒಬ್ಬ ಪೇಂಟ್ ಅಂಗಡಿಯವರನ್ನು. ಅವರಿಗೆ ಸ್ವಲ್ಪ ಬೇಜಾರಾಯಿತು. "ಪಕ್ಕದ ಊರಲ್ಲಿ ಕೇಳದೆ ಮಾಡಿಕೊಡ್ತಾರೆ" ಅಂದರು. "ಒಂದು ವಾರ ಕೊಡಿ ಅಣ್ಣ, ನೀವು ಕಂಪನಿಗೆ ಒಂದು ಮೇಲ್ ಹಾಕಿ" ಅಂದೆ. ಒಂಬತ್ತನೇ ದಿನ ಒಪ್ಪಿಗೆ ಬಂತು. ಅದರ ಜೊತೆ ಲೋಗೋವನ್ನು ಗೆರೆಗಳಾಗಿ ಬರೆದಿಟ್ಟ ಅಸಲಿ ವೆಕ್ಟರ್ ಫೈಲ್, ಬಣ್ಣದ ನಂಬರ್, ಲೋಗೋ ಸುತ್ತ ಎಷ್ಟು ಜಾಗ ಬಿಡಬೇಕು ಎನ್ನುವ ಚಿತ್ರ, ಎಲ್ಲ ಬಂತು. ಅದನ್ನು ನನ್ನ ಹಳೆ ಟ್ರೇಸ್ ಜೊತೆ ಪಕ್ಕಪಕ್ಕ ಇಟ್ಟು ನೋಡಿದೆ. ನನ್ನದರಲ್ಲಿ ಒಂದು ದುಂಡು ಗೆರೆಗೆ ನೂರಾರು ಪಾಯಿಂಟ್, ಅಂಚೆಲ್ಲ ಏರುತಗ್ಗು. ಅವರದ್ದರಲ್ಲಿ ಅದೇ ಗೆರೆಗೆ ನಾಲ್ಕು ಪಾಯಿಂಟ್. ರೂಟರ್ ಬಿಟ್ ಎಲ್ಲೂ ತಡವರಿಸದೆ ಒಂದೇ ಓಟದಲ್ಲಿ ಕತ್ತರಿಸಿತು. ಅಕ್ರಿಲಿಕ್ ಅಂಚಿಗೆ ಅರ ಹಾಕುವ ಕೆಲಸವೇ ಬರಲಿಲ್ಲ. ಆ ಅಂಗಡಿಯವರೇ ಆಮೇಲೆ ಇನ್ನೂ ಮೂರು ಜನರನ್ನು ಕಳಿಸಿದರು.

ಕೊಡಗಿನಲ್ಲಿ ಕೆಲವು ಕೇಳಿಕೆಗಳು ಪದೇ ಪದೇ ಬರುತ್ತವೆ. ಪ್ರವಾಸೋದ್ಯಮ ಇಲಾಖೆಯಲ್ಲಿ ಇನ್ನೂ ನೋಂದಣಿ ಆಗದ ಹೋಂಸ್ಟೇಯವರು ಇಲಾಖೆಯ ಲೋಗೋ ಹಾಕಿಕೊಡಿ ಅನ್ನುತ್ತಾರೆ. ಹಾಕುವುದಿಲ್ಲ. ಮನೆಯಲ್ಲೇ ಚಾಕಲೇಟ್ ಮಾಡುವವರು ಲೇಬಲ್‌ಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ಗುರುತು ಕೇಳುತ್ತಾರೆ. ಪ್ರಾಧಿಕಾರದ 14 ಅಂಕಿಯ ನಂಬರ್ ಕೊಟ್ಟರೆ ಮಾತ್ರ. ಕಾಫಿ ಪೊಟ್ಟಣದ ಗಿಫ್ಟ್ ಬಾಕ್ಸಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಲೋಗೋ ಬೇಕು ಅನ್ನುವವರಿದ್ದಾರೆ. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಜಿಐ ಸಿಕ್ಕಿದ್ದು ನಿಜ. ಆದರೆ ತೋಟ ಕೊಡಗಿನಲ್ಲಿದೆ ಅಂದ ಮಾತ್ರಕ್ಕೆ ಅದನ್ನು ಬಳಸುವಂತಿಲ್ಲ, ಅಧಿಕೃತ ಬಳಕೆದಾರ ಎಂದು ಹೆಸರು ನೋಂದಾಯಿಸಿರಬೇಕು.

ಎಲ್ಲಕ್ಕಿಂತ ಕಷ್ಟ ಆಗುವುದು ನಾಲ್ಕು ಸಿಂಹದ ಲಾಂಛನ. ನಮ್ಮಲ್ಲಿ ಸರ್ಕಾರಿ ಕೆಲಸದಲ್ಲಿ, ಸೈನ್ಯದಲ್ಲಿ ಇದ್ದು ನಿವೃತ್ತರಾದವರು ಜಾಸ್ತಿ. ಒಬ್ಬರು ಹಿರಿಯರು, ಸುಬೇದಾರ್ ಆಗಿದ್ದವರು, ಹೊಸ ಮನೆಯ ಗೇಟಿಗೆ ಸಿಂಹದ ಲಾಂಛನ ಇರುವ ತೇಗದ ಫಲಕ ಬೇಕು ಅಂದರು. 2005ರ ಕಾಯ್ದೆ ಅದನ್ನು ತಡೆಯುತ್ತದೆ. ಅದರ ನಿಯಮದಲ್ಲಿ ಮಾಜಿ ಮಂತ್ರಿಗಳಿಗೂ ನಿವೃತ್ತ ಅಧಿಕಾರಿಗಳಿಗೂ ಬಳಸುವಂತಿಲ್ಲ ಎಂದು ಬರೆದಿದೆ. ಅಷ್ಟು ವರ್ಷ ದೇಶಕ್ಕೆ ದುಡಿದವರಿಗೆ ಇಲ್ಲ ಅನ್ನುವುದು ಹೇಗೆ? ನಾನು ನಿಯಮವನ್ನು ಮೊಬೈಲ್‌ನಲ್ಲಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ನಿಯಮ ಅಂದ ಮೇಲೆ ನಿಯಮ" ಅಂದರು. ಆಮೇಲೆ ಇಬ್ಬರೂ ಕೂತು ಹೊಸದಾಗಿ ಬರೆದೆವು: ಮನೆತನದ ಹೆಸರು, ಅವರ ಹೆಸರು, ಹುದ್ದೆ, ಸೇವೆಗೆ ಸೇರಿದ ವರ್ಷ, ಬಿಟ್ಟ ವರ್ಷ, ಕೆಳಗೆ ಅಡ್ಡಕ್ಕೆ ಕೊಡವರ ಒಂದು ಒಡಿಕತ್ತಿ. ಆ ಫಲಕದ ಕೂಲಿಯನ್ನು ನಾನು ತೆಗೆದುಕೊಳ್ಳಲಿಲ್ಲ, ಮರದ ದುಡ್ಡು ಮಾತ್ರ ತೆಗೆದುಕೊಂಡೆ.

ಹೆಸರು ಬೇರೆ, ಲೋಗೋ ಬೇರೆ ಅನ್ನುವುದೂ ತಿಳಿದಿರಬೇಕು. ಒಬ್ಬ ಮೆಕ್ಯಾನಿಕ್ ತಾನು ಯಾವ ಬೈಕ್ ರಿಪೇರಿ ಮಾಡುತ್ತೇನೆ ಎಂದು ಜನರಿಗೆ ಹೇಳಬೇಕಲ್ಲ. ಆ ಹೆಸರನ್ನು ಸಾದಾ ಅಕ್ಷರದಲ್ಲಿ, ಉಳಿದ ಸಾಲಿನಷ್ಟೇ ಗಾತ್ರದಲ್ಲಿ ಬರೆದು ಕೊಡುತ್ತೇನೆ. ಲೋಗೋ, ಕಂಪನಿಯ ಬಣ್ಣ, ಅವರದ್ದೇ ಅಕ್ಷರಶೈಲಿ ಹಾಕುವುದಿಲ್ಲ. ಹಾಕಿದರೆ ಅದು ಕಂಪನಿಯ ಸರ್ವೀಸ್ ಸೆಂಟರ್ ಅಂತ ಜನ ತಿಳಿಯುತ್ತಾರೆ.

ಪ್ಲೇನರ್ ಹಾಕಿದ ಆ 64 ಹಲಗೆಗೆ ನನ್ನದೇ ಚಿತ್ರ ಬರೆದೆ. ಮಂಜಿನಲ್ಲಿ ತಿರುವು ತಿರುವಾಗಿ ಹೋಗುವ ಒಂದು ಗುಡ್ಡದ ದಾರಿ, ಪಕ್ಕದಲ್ಲಿ ಹಣ್ಣು ಬಿಟ್ಟ ಕಾಫಿ ರೆಂಬೆ. ಮೊದಲ ತಿಂಗಳು ಏಳೇ ಹೋಯಿತು. ಹಳೆಯ ವೇಗ ಇವತ್ತಿಗೂ ಬಂದಿಲ್ಲ, ಆದರೆ ಹುಡುಗರು ಈಗ ಆ ದಾರಿಯ ಚಿತ್ರದ್ದೇ ಬೇಕು ಅಂತ ಕೇಳಿ ಬರುತ್ತಾರೆ. ಅದನ್ನು ನನ್ನ ಗುರುತಾಗಿ ನೋಂದಾಯಿಸಲು ಮರದ ಸಾಮಾನಿನ 20ನೇ ವರ್ಗದಲ್ಲಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ್ದೇನೆ. ಒಬ್ಬರೇ ನಡೆಸುವ ಸಣ್ಣ ಕಸುಬಿಗೆ ಸರ್ಕಾರಿ ಶುಲ್ಕ 4,500 ರೂಪಾಯಿ. ನಮ್ಮ ರಾಜ್ಯದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಸದ್ಯ ಟಿಎಂ, ಅಂದರೆ ಟ್ರೇಡ್‌ಮಾರ್ಕ್ ಅಂತ ಮಾತ್ರ ಹಾಕುತ್ತೇನೆ. ವೃತ್ತದೊಳಗಿನ ಆರ್ ಅಕ್ಷರ ಹಾಕುವುದು ನೋಂದಣಿ ಆದ ಮೇಲೆ, ಅದಕ್ಕೆ ಮೊದಲು ಹಾಕಿದರೆ ಅದೂ ಕಾನೂನಿಗೆ ವಿರುದ್ಧ.

ಮೊನ್ನೆ ಗೋಣಿಕೊಪ್ಪದ ಒಂದು ಟೈರ್ ಅಂಗಡಿಗೆ ಬೋರ್ಡು ಕೂರಿಸಿ ಬಂದೆ. ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಅಂಗಡಿ ಹೆಸರು, ಕೆಳಗೆ ಸಣ್ಣದಾಗಿ ಇಂಗ್ಲಿಷ್. ಬಲಗಡೆ ಎರಡು ಅಡಿ ಜಾಗ ಖಾಲಿ, ನಾಲ್ಕು ಸ್ಕ್ರೂ ತೂತು ಮಾತ್ರ ಇವೆ. ಕಂಪನಿಯ ಪತ್ರ ಇನ್ನೂ ಬಂದಿಲ್ಲ. ಲೋಗೋ ಪ್ಲೇಟ್‌ಗೆ ಬೇಕಾದ ಅಕ್ರಿಲಿಕ್ ಶೀಟನ್ನು ಅಳತೆಗೆ ಕತ್ತರಿಸಿ ಶೆಡ್ಡಿನಲ್ಲಿ ಇಟ್ಟಿದ್ದೇನೆ.