ಸ್ಮಾರ್ಟ್ ಸ್ಪೀಕರ್ ಗುಂಯ್‌ಗುಟ್ಟುತ್ತಿದೆಯೇ? ರಿಸೆಟ್ ಒತ್ತುವ ಮೊದಲು ಇಷ್ಟು ನೋಡಿ

ಅಮೆಜಾನಿನ ಎಕೋ, ಗೂಗಲಿನ ನೆಸ್ಟ್ ಮುಂತಾದ ವೈಫೈ ಸ್ಪೀಕರ್‌ಗಳು ಕೈಕೊಟ್ಟಾಗ ಹೆಚ್ಚಿನವರು ಮೊದಲು ಮಾಡುವುದು ಫ್ಯಾಕ್ಟರಿ ರಿಸೆಟ್. ಅದನ್ನು ಕೊನೆಗೆ ಇಟ್ಟುಕೊಳ್ಳಿ. ರಿಸೆಟ್ ಮಾಡಿದರೆ ಸ್ಪೀಕರ್‌ನ ಹೊಂದಾಣಿಕೆಗಳೆಲ್ಲ ಅಳಿಯುತ್ತವೆ, ತೊಂದರೆಯ ಜಾಡೂ ತಪ್ಪುತ್ತದೆ. ಎರಡು ದಿನ ಸರಿಯಿದ್ದು ಮೂರನೇ ದಿನ ಅದೇ ಸದ್ದು ಬರುತ್ತದೆ. ಕರಾವಳಿಯಲ್ಲಂತೂ ತೊಂದರೆಯ ಮೂಲ ಬಹಳ ಸಲ ಸ್ಪೀಕರಿನ ಹೊರಗೇ ಇರುತ್ತದೆ: ಅಡಾಪ್ಟರ್‌ನಲ್ಲಿ, ಗೋಡೆಯ ಪ್ಲಗ್‌ನಲ್ಲಿ, ರೂಟರ್‌ನಲ್ಲಿ, ಇಲ್ಲವೇ ರೂಟರಿಗೂ ಸ್ಪೀಕರಿಗೂ ನಡುವೆ ನಿಂತ ಮುರಕಲ್ಲಿನ ಗೋಡೆಯಲ್ಲಿ.

ಕೆಲಸ ಶುರು ಮಾಡುವಾಗ ಒಂದು ನಿಯಮ ಪಾಲಿಸಿ. ಒಮ್ಮೆಗೆ ಒಂದನ್ನೇ ಬದಲಿಸಿ, ಬದಲಿಸಿದ ಮೇಲೆ ಒಂದು ದಿನ ಕಾದು ನೋಡಿ. ಅಡಾಪ್ಟರ್, ಜಾಗ, ವೈಫೈ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂಬುದೇ ತಿಳಿಯುವುದಿಲ್ಲ.

ಸದ್ದಿನ ಜಾತಿ ಗುರುತಿಸಿ

ಟಿವಿ ಆಫ್ ಮಾಡಿ, ಫ್ಯಾನ್ ನಿಲ್ಲಿಸಿ. ಹಾಡು ನಿಲ್ಲಿಸಿ ಸ್ಪೀಕರಿನ ಹತ್ತಿರ ಕಿವಿ ಇಡಿ. ಒಂದು ಗೇಣು ದೂರದಲ್ಲಿ ಸಣ್ಣಗೆ ಸುಯ್ ಎಂದು ಕೇಳಿದರೆ ಅದು ಒಳಗಿನ ಆಂಪ್ಲಿಫೈಯರಿನ ಸಹಜ ಸದ್ದು, ಅದಕ್ಕೆ ಮದ್ದು ಬೇಡ. ಹಾಡು ಶುರುವಾಗುವಾಗ, ಮುಗಿದು ಸ್ವಲ್ಪ ಹೊತ್ತಾದ ಮೇಲೆ ಟಪ್ ಎಂದು ಒಮ್ಮೆ ಬರುವ ಸದ್ದೂ ಹಾಗೆಯೇ. ವಿದ್ಯುತ್ ಉಳಿಸಲು ಆಂಪ್ಲಿಫೈಯರ್ ಮಲಗಿ ಏಳುವಾಗ ಅದು ಬರುತ್ತದೆ. ಕೋಣೆಯ ಆಚೆ ಬದಿಗೆ ಕೇಳುವಷ್ಟು ಜೋರಾಗಿದ್ದರೆ ಮಾತ್ರ ಮುಂದುವರಿಯಿರಿ.

ಈಗ ವಾಲ್ಯೂಮನ್ನು ಪೂರ್ತಿ ಇಳಿಸಿ. ಗುಂಯ್ ಸದ್ದು ಇಳಿಯದೆ ಹಾಗೆಯೇ ಇದ್ದರೆ ಅದು ಕರೆಂಟಿನ ಕಡೆಯಿಂದ ಬಂದದ್ದು. ಹಾಡು ಹಾಕಿದಾಗ ಮಾತ್ರ, ಅದರಲ್ಲೂ ಚೆಂಡೆಯಂಥ ದಪ್ಪ ಪೆಟ್ಟು ಬಂದಾಗ ಜರ್ ಎಂದರೆ ಏನೋ ಅದುರುತ್ತಿದೆ. ಸದ್ದು ಸ್ವಚ್ಛವಾಗಿದ್ದು ಹಾಡು ನಡುನಡುವೆ ಕಡಿದು ಹೋಗುತ್ತಿದ್ದರೆ ವೈಫೈ ನೋಡಬೇಕು. ಟಿಂಗ್ ಎಂಬ ಗಂಟೆ, ಕರೆಯದೆ ಬರುವ ಮಾತು ಇವೆರಡೂ ಸೆಟ್ಟಿಂಗ್‌ಗೆ ಸೇರಿದ್ದು.

ಟಿಟ್-ಟಿಟ್-ಟಿರ್ರ್ ಎಂದು ಬಿಟ್ಟು ಬಿಟ್ಟು ಬರುವ ಇನ್ನೊಂದು ಸದ್ದಿದೆ. ಪಕ್ಕದಲ್ಲಿ 2ಜಿಯಲ್ಲಿ ಓಡುವ ಹಳೆಯ ಕೀಪ್ಯಾಡ್ ಫೋನ್ ಇದೆಯೇ ನೋಡಿ. 2ಜಿ ಫೋನ್ ಮಾತನಾಡುವಾಗ ಸೆಕೆಂಡಿಗೆ ಸುಮಾರು 217 ಸಲ ರೇಡಿಯೊ ತರಂಗದ ಸಣ್ಣ ಸಣ್ಣ ಪೆಟ್ಟು ಹೊಡೆಯುತ್ತದೆ. ಸ್ಪೀಕರಿನ ವಯರು ಅದನ್ನು ಹಿಡಿದು ಸದ್ದಾಗಿಸುತ್ತದೆ. ಫೋನನ್ನು ಒಂದು ಮೀಟರ್ ದೂರ ಇಟ್ಟರೆ ಮುಗಿಯಿತು.

ಅಡಾಪ್ಟರ್ ಮತ್ತು ಪ್ಲಗ್

ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ಅಡಾಪ್ಟರಿನ ಮೇಲೆ ಔಟ್‌ಪುಟ್ ಎಂದು ಬರೆದಿರುವ ಸಾಲನ್ನು ಓದಿ. ಎಕೋ ಡಾಟ್‌ನ 3, 4 ಮತ್ತು 5ನೇ ತಲೆಮಾರಿನವುಗಳಿಗೆ 12 ವೋಲ್ಟ್, 1.25 ಆಂಪಿಯರ್, ಅಂದರೆ 15 ವಾಟ್ ಬೇಕು. ನೆಸ್ಟ್ ಮಿನಿಗೆ 14 ವೋಲ್ಟ್, 1.1 ಆಂಪಿಯರ್. ಹಳೆಯ ಗೂಗಲ್ ಹೋಮ್ ಮಿನಿಗೆ 5 ವೋಲ್ಟ್, 1.8 ಆಂಪಿಯರ್ ಸಾಕು, ಅದರದ್ದು ಮೈಕ್ರೊ ಯುಎಸ್‌ಬಿ ಪಿನ್. ದುಂಡು ಪಿನ್ ತೂರಿತು ಎಂದು ಸೆಟ್‌ಟಾಪ್ ಬಾಕ್ಸಿನ, ರೂಟರಿನ ಅಡಾಪ್ಟರನ್ನು ಸ್ಪೀಕರಿಗೆ ಚುಚ್ಚಬೇಡಿ. ವೋಲ್ಟ್ ಸರಿಯಾಗಿಯೇ ಹೊಂದಬೇಕು. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆಯಾಗಬಾರದು. ಪಿನ್ನಿನ ಒಳಗಡೆ ಪ್ಲಸ್ಸೋ ಮೈನಸ್ಸೋ ಎಂಬುದನ್ನು ಅಡಾಪ್ಟರಿನ ಮೇಲಿನ ಚಿತ್ರದಲ್ಲಿ ನೋಡಿ ಖಚಿತ ಮಾಡಿಕೊಳ್ಳಿ.

ಸೋತ ಅಡಾಪ್ಟರಿನ ಲಕ್ಷಣ ಸುಲಭವಾಗಿ ಗೊತ್ತಾಗುತ್ತದೆ. ಕಡಿಮೆ ವಾಲ್ಯೂಮಿನಲ್ಲಿ ಎಲ್ಲ ಸರಿ. ವಾಲ್ಯೂಮ್ 7, 8ಕ್ಕೆ ಏರಿಸಿ ದಪ್ಪ ಪೆಟ್ಟಿನ ಹಾಡು ಹಾಕಿದರೆ ಸದ್ದು ಕರಕರ ಎನ್ನುತ್ತದೆ, ಇಲ್ಲವೇ ಸ್ಪೀಕರ್ ಪೂರ್ತಿ ಆರಿ, ದೀಪದ ಬಳೆ ಮತ್ತೆ ಮೊದಲಿನಿಂದ ತಿರುಗಲು ಶುರುವಾಗುತ್ತದೆ. ಪೆಟ್ಟು ಬಂದ ಗಳಿಗೆಯಲ್ಲಿ ಸ್ಪೀಕರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಅಡಾಪ್ಟರಿನೊಳಗೆ ಚಾರ್ಜ್ ಹಿಡಿದಿಡುವ ಕೆಪಾಸಿಟರ್ ಒಣಗಿದ್ದರೆ ವೋಲ್ಟ್ ಆಗ ಕುಸಿಯುತ್ತದೆ. ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ ಇನ್ನೊಂದು ಅಡಾಪ್ಟರ್ ಹಾಕಿ ಅದೇ ಹಾಡು, ಅದೇ ವಾಲ್ಯೂಮಿನಲ್ಲಿ ಕೇಳಿ. ಸರಿಯಾದರೆ ಹಳೆಯದನ್ನು ಇ-ತ್ಯಾಜ್ಯಕ್ಕೆ ಹಾಕಿ. ಅದನ್ನು ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತದೆ.

ಅಡಾಪ್ಟರ್ ಸರಿಯಿದ್ದೂ ಗುಂಯ್ ಎಂದರೆ ಅದೇ ಸ್ವಿಚ್‌ಬೋರ್ಡಿನ ಫ್ಯಾನ್ ರೆಗ್ಯುಲೇಟರ್ ಮೇಲೆ ಕಣ್ಣಿಡಿ. ತಿರುಗಿಸುವ ಹಳೆಯ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳು ಕರೆಂಟಿನ ಅಲೆಯನ್ನು ಕತ್ತರಿಸಿ ಫ್ಯಾನಿಗೆ ಕೊಡುತ್ತವೆ. ಆ ಕತ್ತರಿಕೆಯ ಗದ್ದಲ ವಯರಿನಲ್ಲೇ ಹರಿದು ಪಕ್ಕದ ಪ್ಲಗ್‌ಗೆ ಬರುತ್ತದೆ. ಫ್ಯಾನನ್ನು ಪೂರ್ತಿ ವೇಗಕ್ಕೆ ತಿರುಗಿಸಿ ನೋಡಿ. ಸ್ಪೀಕರಿನ ಗುಂಯ್ ಆಗ ತಗ್ಗಿದರೆ ಕಾರಣ ಸಿಕ್ಕಿತು. ಸ್ಪೀಕರನ್ನು ಬೇರೆ ಬೋರ್ಡಿಗೆ ಹಾಕಿ, ಇಲ್ಲವೇ ಎಲೆಕ್ಟ್ರಿಷಿಯನ್ನರಿಂದ ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿ. ಕರೆಂಟ್ ಹೋಗಿ ಇನ್ವರ್ಟರಿನಲ್ಲಿ ಓಡುವಾಗ ಮಾತ್ರ ಸದ್ದು ಬರುತ್ತಿದ್ದರೆ ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು. ಸೈನ್ ವೇವ್ ಇನ್ವರ್ಟರಿನಲ್ಲಿ ಈ ಕಾಟ ಇರುವುದಿಲ್ಲ.

ಹಳೆಯ ಆಂಪ್ಲಿಫೈಯರಿಗೆ ಆಕ್ಸ್ ಕೇಬಲಿನಲ್ಲಿ ಸ್ಪೀಕರ್ ಜೋಡಿಸಿದ್ದರೆ ಕೇಬಲ್ ತೆಗೆದು ನೋಡಿ. ಗುಂಯ್ ನಿಂತರೆ ಎರಡು ಉಪಕರಣಗಳ ಅರ್ತ್ ಒಂದಕ್ಕೊಂದು ಸುತ್ತಿಕೊಂಡಿದೆ ಎಂದರ್ಥ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಸಾಲದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿಯನ್ನು ಕೇಬಲಿನ ನಡುವೆ ಸೇರಿಸಿ. ಸದ್ದು ತಗ್ಗಲಿ ಎಂದು ಆಂಪ್ಲಿಫೈಯರಿನ ಅರ್ತ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಅದು ಜೀವಕ್ಕೇ ಅಪಾಯ.

ಉಪ್ಪಿನ ಗಾಳಿ, ಮಳೆಯ ತೇವ

ಮಲ್ಪೆ, ಕಾಪು, ಸುರತ್ಕಲ್, ಪಣಂಬೂರು, ಉಳ್ಳಾಲದ ಕಡಲ ಬದಿಯ ಮನೆಗಳಲ್ಲಿ ಪಿನ್ನನ್ನು ಹೊರಗೆಳೆದು ಬೆಳಕಿಗೆ ಹಿಡಿದು ನೋಡಿ. ಹೊಳೆಯಬೇಕಾದ ಲೋಹದ ಮೇಲೆ ಕಪ್ಪು ಚುಕ್ಕಿ, ಪಾಚಿಯಂಥ ಹಸಿರು, ಅಥವಾ ಬಿಳಿ ಹುಡಿ ಕುಳಿತಿದ್ದರೆ ಉಪ್ಪು ತನ್ನ ಕೆಲಸ ಶುರು ಮಾಡಿದೆ. ಉಪ್ಪು ತಾನೇ ತೇವ ಎಳೆದುಕೊಳ್ಳುತ್ತದೆ, ತೇವ ಲೋಹವನ್ನು ತಿನ್ನುತ್ತದೆ. ಸಂಪರ್ಕ ಸಡಿಲವಾಗಿ, ವಯರು ಸ್ವಲ್ಪ ಅಲುಗಿದರೂ ಸ್ಪೀಕರ್ ಆರಿ ಹೊತ್ತಿಕೊಳ್ಳುತ್ತದೆ. ಮೊಬೈಲ್ ರಿಪೇರಿಯವರು ಬಳಸುವ, ಐಪಿಎ ಎಂದು ಕರೆಯುವ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ತನ್ನಿ. ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆದ ಮೇಲೆ, ಕಿವಿಗೆ ಹಾಕುವ ಹತ್ತಿಕಡ್ಡಿಗೆ ಎರಡು ಹನಿ ಹಾಕಿ ಪಿನ್ನನ್ನು ತಿರುಗಿಸುತ್ತಾ ಒರೆಸಿ. ಸ್ಪೀಕರಿನ ತೂತಿನೊಳಗೆ ಬರೀ ತೇವದ ಕಡ್ಡಿ ಹೋಗಲಿ, ಹನಿ ಇಳಿಯಬಾರದು. 15 ನಿಮಿಷ ಒಣಗಲು ಬಿಟ್ಟು ಆಮೇಲೆ ಜೋಡಿಸಿ. ತೆಂಗಿನೆಣ್ಣೆ, ಸೀಮೆಎಣ್ಣೆ, ಸೆಂಟು ಯಾವುದೂ ಬೇಡ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳಲ್ಲಿ ಸ್ಪೀಕರ್ ಕಿಟಕಿಯ ದಂಡೆಯಲ್ಲಿ ಇರಬಾರದು, ಹೊರಗೋಡೆಗೆ ತಾಗಿಯೂ ಇರಬಾರದು. ಗೋಡೆಯಿಂದ ಅಂಗೈ ಅಗಲದಷ್ಟು ದೂರ ಇಡಿ. ಎರಚಲು ತಾಗಿ ಒದ್ದೆಯಾದರೆ ಕೂಡಲೇ ಪ್ಲಗ್ ತೆಗೆದು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕಡಿಮೆಯೆಂದರೆ 24 ಗಂಟೆ ಇಡಿ. ಅಕ್ಕಿಯಲ್ಲಿ ಹೂತರೆ ಹುಡಿ ಮೈಕಿನ ತೂತು ಸೇರುತ್ತದೆ, ಪ್ರಯೋಜನವೂ ಕಡಿಮೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದೊಡನೆ ಸ್ಪೀಕರ್ ಮತ್ತು ರೂಟರ್ ಎರಡರ ಪ್ಲಗ್ಗನ್ನೂ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಹಾಡು ಕಡಿಯುವುದು, ‘ಇಂಟರ್ನೆಟ್ ಇಲ್ಲ’ ಎನ್ನುವುದು

ಚಾವಡಿಯಲ್ಲಿ ರೂಟರ್, ಒಳಗಿನ ಕೋಣೆಯಲ್ಲಿ ಸ್ಪೀಕರ್, ನಡುವೆ ಮುಕ್ಕಾಲು ಅಡಿಯ ಮುರಕಲ್ಲಿನ ಗೋಡೆ. ಕಲ್ಲು ಮಳೆಗಾಲದಲ್ಲಿ ನೀರು ಕುಡಿದಾಗ ವೈಫೈಯನ್ನು ಇನ್ನಷ್ಟು ನುಂಗುತ್ತದೆ. ಬೇಸಗೆಯಲ್ಲಿ ಸರಿಯಿದ್ದ ಸ್ಪೀಕರ್ ಜುಲೈಯಲ್ಲಿ ತೊದಲಿದರೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆಂಡ್ರಾಯ್ಡ್ ಫೋನಿಗೆ ವೈಫೈ ಅನಲೈಸರ್ ಆಪ್ ಹಾಕಿ, ಸ್ಪೀಕರ್ ಇರುವ ಜಾಗದಲ್ಲೇ ಫೋನ್ ಇಟ್ಟು ಅಳೆಯಿರಿ. ಸಿಗ್ನಲಿನ ಬಲ ಮೈನಸ್ 65 ಡಿಬಿಎಂ ಅಥವಾ ಅದಕ್ಕಿಂತ ಸೊನ್ನೆಗೆ ಹತ್ತಿರ ಇದ್ದರೆ ಚೆನ್ನ. ಮೈನಸ್ 75ಕ್ಕಿಂತ ಕೆಳಗಿಳಿದರೆ ಹಾಡು ಕಡಿಯುವ ಸಾಧ್ಯತೆ ಹೆಚ್ಚು. ರೂಟರನ್ನು ಟಿವಿಯ ಹಿಂದಿನಿಂದ ತೆಗೆದು ಆಳೆತ್ತರದಲ್ಲಿ, ಬಾಗಿಲಿನ ನೇರಕ್ಕೆ ಇಡಿ. ತರಂಗ ಬಾಗಿಲಿನಲ್ಲಿ ನುಗ್ಗುವಷ್ಟು ಸುಲಭವಾಗಿ ಕಲ್ಲಿನಲ್ಲಿ ನುಗ್ಗುವುದಿಲ್ಲ.

ವೈಫೈಯ ಎರಡು ಬ್ಯಾಂಡುಗಳಲ್ಲಿ ದೂರದ ಕೋಣೆಗೆ 2.4 ಗಿಗಾಹರ್ಟ್ಜ್, ರೂಟರ್ ಇರುವ ಕೋಣೆಗೇ ಆದರೆ 5 ಗಿಗಾಹರ್ಟ್ಜ್ ಒಳ್ಳೆಯದು. ಎರಡಕ್ಕೂ ಒಂದೇ ಹೆಸರಿದ್ದರೆ ಸ್ಪೀಕರ್ ಅತ್ತಿತ್ತ ಹಾರುತ್ತಾ ತೊದಲಬಹುದು, ಬೇರೆ ಬೇರೆ ಹೆಸರು ಕೊಟ್ಟು ನೋಡಿ. ಕದ್ರಿ, ಬಿಜೈ, ಮಣಿಪಾಲದ ಫ್ಲ್ಯಾಟುಗಳಲ್ಲಿ ನೆರೆಮನೆಗಳ ರೂಟರುಗಳೇ ಗದ್ದಲ ಎಬ್ಬಿಸುತ್ತವೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು 1, 6, 11 ಮಾತ್ರ. ಅನಲೈಸರಿನಲ್ಲಿ ಯಾವುದು ಖಾಲಿ ಎಂದು ನೋಡಿ ರೂಟರಿನಲ್ಲಿ ಅದನ್ನೇ ಹಾಕಿ. ಮೈಕ್ರೊವೇವ್ ಒಲೆಯೂ 2.45 ಗಿಗಾಹರ್ಟ್ಜ್‌ನಲ್ಲೇ ಓಡುವುದರಿಂದ, ಅನ್ನ ಬಿಸಿ ಮಾಡುವಾಗಲೇ ಹಾಡು ಕಡಿದರೆ ಸ್ಪೀಕರನ್ನು ಅಡುಗೆಮನೆಯಿಂದ ದೂರ ಸರಿಸಿ.

ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ಸ್ಪೀಕರ್ ಮುನಿಸಿಕೊಂಡರೆ ಕಾರಣ ಬೇರೆ. ಸ್ಪೀಕರ್ ಬೇಗ ಏಳುತ್ತದೆ, ಫೈಬರ್ ಬಾಕ್ಸ್ ಮತ್ತು ರೂಟರ್ ಏಳಲು ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಸ್ಪೀಕರ್ ಹುಡುಕಿ ಸೋತಿರುತ್ತದೆ. ಮೊದಲು ಫೈಬರ್ ಬಾಕ್ಸ್, 2 ನಿಮಿಷ ಬಿಟ್ಟು ರೂಟರ್, ಮತ್ತೆ 2 ನಿಮಿಷ ಬಿಟ್ಟು ಸ್ಪೀಕರ್, ಈ ಕ್ರಮದಲ್ಲಿ ಹಾಕಿ. ಶಾಶ್ವತ ಪರಿಹಾರ ಬೇಕಿದ್ದರೆ ರೂಟರಿಗೆ ಮಿನಿ ಯುಪಿಎಸ್, ಅಂದರೆ ಕರೆಂಟ್ ಹೋದರೂ ಅದನ್ನು ಓಡಿಸುವ ಪುಟ್ಟ ಬ್ಯಾಟರಿ ಕೊಡಿಸಿ. ಕರಾವಳಿಯ ಮಳೆಗಾಲಕ್ಕೆ ಇದಕ್ಕಿಂತ ಉಪಯೋಗದ ಖರ್ಚು ಇನ್ನೊಂದಿಲ್ಲ. ಕೊಳ್ಳುವಾಗ ರೂಟರ್ ಅಡಾಪ್ಟರಿನ ವೋಲ್ಟ್, ಆಂಪಿಯರ್ ಬರೆದುಕೊಂಡು ಹೋಗಿ.

ರೂಟರ್ ಹೊಸದಾದ ಮೇಲೆ ಹಳೆಯ ಸ್ಪೀಕರ್ ಸೇರಲೇ ಒಲ್ಲದಿದ್ದರೆ ರೂಟರಿನ ಸೆಟ್ಟಿಂಗ್‌ನಲ್ಲಿ ವೈಫೈ ಭದ್ರತೆಯ ಬಗೆಯನ್ನು ಡಬ್ಲ್ಯುಪಿಎ3ರಿಂದ ಡಬ್ಲ್ಯುಪಿಎ2ಕ್ಕೆ ಅಥವಾ ಎರಡೂ ಕೂಡಿದ ಆಯ್ಕೆಗೆ ಇಳಿಸಿ. ಫೋನಿಗೆ ಸ್ಪೀಕರ್ ಕಾಣದಿದ್ದರೆ ಎರಡೂ ಒಂದೇ ವೈಫೈಯಲ್ಲಿವೆಯೇ, ಒಂದು ಗೆಸ್ಟ್ ನೆಟ್‌ವರ್ಕಿನಲ್ಲಿ (ಅತಿಥಿಗಳಿಗೆಂದು ಬೇರೆ ಇಟ್ಟ ವೈಫೈಯಲ್ಲಿ) ಉಳಿದಿದೆಯೇ ನೋಡಿ. ಗೆಸ್ಟ್ ನೆಟ್‌ವರ್ಕಿನಲ್ಲಿ ಉಪಕರಣಗಳು ಸಾಮಾನ್ಯವಾಗಿ ಪರಸ್ಪರ ಕಾಣುವುದಿಲ್ಲ.

ಕರೆಯದೆ ಮಾತನಾಡಿದರೆ

2018ರ ಮಾರ್ಚ್‌ನಲ್ಲಿ ಹಲವು ಎಕೋ ಸ್ಪೀಕರುಗಳು ಇದ್ದಕ್ಕಿದ್ದಂತೆ ನಕ್ಕು ಮನೆಮಂದಿಯನ್ನು ಬೆಚ್ಚಿಬೀಳಿಸಿದ್ದವು. ಬೇರೆ ಮಾತನ್ನು ‘ಅಲೆಕ್ಸಾ, ಲಾಫ್’ ಎಂದು ತಪ್ಪಾಗಿ ಕೇಳಿಸಿಕೊಂಡದ್ದೇ ಕಾರಣ ಎಂದು ಅಮೆಜಾನ್ ತಿಳಿಸಿ, ಆ ಗಿಡ್ಡ ಆಜ್ಞೆಯನ್ನೇ ತೆಗೆದುಹಾಕಿತು. ಈಗಲೂ ಮೂಲ ಕಾರಣ ಅದೇ, ಕೇಳುವಲ್ಲಿ ತಪ್ಪು. ನಮ್ಮೂರಲ್ಲಿ ಅಲೆಕ್ಸ್ ಎಂಬ ಹೆಸರಿನವರು ಬೇಕಾದಷ್ಟು ಮಂದಿ. ‘ಅಲೆಕ್ಸಣ್ಣಾ’ ಎಂದು ಕೂಗಿದರೆ ಮೊದಲ ಮೂರು ಅಕ್ಷರಕ್ಕೇ ಸ್ಪೀಕರ್ ಎದ್ದು ಕೂರುತ್ತದೆ. ಅಂಥ ಮನೆಯಲ್ಲಿ ಅಲೆಕ್ಸಾ ಆಪ್‌ನ ಡಿವೈಸ್ ಸೆಟ್ಟಿಂಗ್ಸ್‌ಗೆ ಹೋಗಿ ವೇಕ್ ವರ್ಡನ್ನು, ಅಂದರೆ ಸ್ಪೀಕರನ್ನು ಎಬ್ಬಿಸುವ ಪದವನ್ನು ‘ಎಕೋ’ ಎಂದು ಬದಲಿಸಿ. ನೆಸ್ಟ್ ಸ್ಪೀಕರಿನಲ್ಲಿ ಗೂಗಲ್ ಹೋಮ್ ಆಪ್‌ನೊಳಗೆ ‘ಹೇ ಗೂಗಲ್’ ಸೆನ್ಸಿಟಿವಿಟಿಯನ್ನು ಒಂದು ಹಂತ ಇಳಿಸಿ. ಟಿವಿಯಿಂದ ಒಂದು ಮೀಟರಾದರೂ ದೂರ ಇಡಿ.

ಏನು ಕೇಳಿಸಿಕೊಂಡಿತು ಎಂದು ಊಹಿಸುವುದೇಕೆ, ನೋಡಬಹುದು. ಧ್ವನಿ ಉಳಿಸಬೇಡ ಎಂದು ನೀವೇ ಹೇಳಿರದಿದ್ದರೆ ಅಲೆಕ್ಸಾ ಪ್ರೈವಸಿ ಒಳಗಿನ ವಾಯ್ಸ್ ಹಿಸ್ಟರಿಯಲ್ಲಿ ಹೊತ್ತಿನ ಸಮೇತ ದಾಖಲೆ ಇರುತ್ತದೆ. ಆ ಹೊತ್ತಿಗೆ ದಾಖಲೆಯೇ ಇಲ್ಲದಿದ್ದರೆ ರುಟೀನ್ (ತಾನಾಗಿ ನಡೆಯುವಂತೆ ಹೊಂದಿಸಿಟ್ಟ ಕೆಲಸ), ರಿಮೈಂಡರ್, ಅಲಾರಂ ಪಟ್ಟಿ ನೋಡಿ. ಅಲ್ಲೂ ಇಲ್ಲದಿದ್ದರೆ ಬ್ಲೂಟೂತ್: ಹಿಂದೆ ಜೋಡಿಸಿದ ಫೋನ್ ಹತ್ತಿರ ಬಂದಾಗ ಸ್ಪೀಕರ್ ತಾನೇ ಸದ್ದು ಮಾಡಿ ಸೇರಿಕೊಳ್ಳುತ್ತದೆ. ಹಳೆಯ ಜೋಡಣೆಗಳನ್ನೆಲ್ಲ ಅಳಿಸಿ.

ಎಕೋದ ದೀಪದ ಬಣ್ಣ ಅರ್ಧ ಉತ್ತರ ಹೇಳುತ್ತದೆ. ಹಳದಿ ಮಿನುಗಿದರೆ ಸಂದೇಶ ಬಂದಿದೆ. ಹಸಿರು ಅಂದರೆ ಕರೆ ಅಥವಾ ಡ್ರಾಪ್ ಇನ್ (ನೀವು ಎತ್ತದೆಯೇ ನೇರ ಸೇರುವ ಕರೆ). ಕಿತ್ತಳೆ ತಿರುಗಿದರೆ ವೈಫೈ ಹುಡುಕುತ್ತಿದೆ. ಕೆಂಪು ನಿಂತೇ ಇದ್ದರೆ ಮೈಕ್ ಬಂದ್. ಪಾರ್ಸೆಲ್ ಬಂತೆಂಬ ಟಿಂಗ್ ಬೇಡವಾದರೆ ನೋಟಿಫಿಕೇಶನ್ಸ್ ಒಳಗೆ ಅಮೆಜಾನ್ ಶಾಪಿಂಗ್ ಆಫ್ ಮಾಡಿ. ಡ್ರಾಪ್ ಇನ್ ಬಳಸದವರು ಅದನ್ನು ಬಂದ್ ಮಾಡಿಡುವುದೇ ಲೇಸು. ರಾತ್ರಿಗೆ ಡು ನಾಟ್ ಡಿಸ್ಟರ್ಬ್ ಹಾಕಿ, ಅಲಾರಂ ಆಗಲೂ ಹೊಡೆಯುತ್ತದೆ.

ಅದುರುವ ಸದ್ದು, ಕಿವುಡು ಮೈಕು

ಜರ್ ಸದ್ದಿಗೆ ಸ್ಪೀಕರನ್ನು ಕೈಯಲ್ಲಿ ಎತ್ತಿ ಹಿಡಿಯಿರಿ. ಸದ್ದು ನಿಂತರೆ ದೋಷ ಕಪಾಟಿನ ಗಾಜಿನದ್ದೋ ಪಕ್ಕದ ಸ್ಟೀಲ್ ಲೋಟದ್ದೋ. ಕೆಳಗೆ ದಪ್ಪ ರಬ್ಬರ್ ತುಂಡು ಹಾಕಿ. ಕೈಯಲ್ಲೂ ಅದುರಿದರೆ ಈಕ್ವಲೈಸರಿನಲ್ಲಿ ಬಾಸ್ ಇಳಿಸಿ ನೋಡಿ. ಆಗಲೂ ನಿಲ್ಲದಿದ್ದರೆ ಒಳಗೆ ಸದ್ದು ಹುಟ್ಟಿಸುವ ಕೋನ್ ಹರಿದಿರಬಹುದು.

ಕೂಗಿದರೂ ಕೇಳದ ಸ್ಪೀಕರಿನ ಮೈಕ್ ತೂತುಗಳನ್ನು ಟಾರ್ಚ್ ಹಿಡಿದು ನೋಡಿ. ಮಳೆಗಾಲದಲ್ಲಿ ಸಣ್ಣ ಇರುವೆಗಳು ಬೆಚ್ಚಗಿನ ಜಾಗ ಹುಡುಕಿ ಇಂಥಲ್ಲಿ ಸೇರುತ್ತವೆ. ಒಣ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ. ಸೂಜಿ ಚುಚ್ಚಬೇಡಿ, ಇರುವೆ ಮದ್ದು ಸಿಂಪಡಿಸಬೇಡಿ.

ಕೊನೆಗೆ ರಿಸೆಟ್

ಇಷ್ಟೆಲ್ಲ ಆದ ಮೇಲೂ ಸರಿಯಾಗದಿದ್ದರೆ ರಿಸೆಟ್ ಮಾಡಿ. ಎಕೋ ಡಾಟ್ 4 ಮತ್ತು 5ರಲ್ಲಿ ಚುಕ್ಕೆಯಿರುವ ಆ್ಯಕ್ಷನ್ ಬಟನ್ನನ್ನು 20 ಸೆಕೆಂಡ್, 3ರಲ್ಲಿ 25 ಸೆಕೆಂಡ್ ಒತ್ತಿ ಹಿಡಿಯಿರಿ. ನೆಸ್ಟ್ ಮಿನಿಯಲ್ಲಿ ಬದಿಯ ಮೈಕ್ ಸ್ವಿಚ್ ಆಫ್ ಮಾಡಿ, ಮೇಲಿನ ನಡುಭಾಗವನ್ನು ಸದ್ದು ಬರುವವರೆಗೆ, ಸುಮಾರು 15 ಸೆಕೆಂಡ್ ಒತ್ತಿ ಹಿಡಿಯಿರಿ. ರುಟೀನುಗಳನ್ನು ಒಂದೇ ಸಲ ಎಲ್ಲವನ್ನೂ ಚಾಲೂ ಮಾಡಬೇಡಿ. ಒಂದು ದಿನ ಬರೀ ಹಾಡು ಕೇಳಿ ನೋಡಿ, ಆಮೇಲೆ ಒಂದೊಂದಾಗಿ ಹಾಕಿ. ವಾರಂಟಿ ಇದ್ದರೆ ಸ್ಕ್ರೂ ಮುಟ್ಟದೆ, ಅಡಾಪ್ಟರ್ ಮತ್ತು ಬಿಲ್ಲಿನ ಜೊತೆಗೇ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಬ್ಯಾಟರಿ ಇರುವ ಸ್ಪೀಕರಿನ ತಳ ಉಬ್ಬಿ, ಮೇಜಿನ ಮೇಲೆ ಸಮವಾಗಿ ಕೂರದೆ ತಿರುಗುತ್ತಿದ್ದರೆ ಮಾತ್ರ ಮೇಲಿನ ಯಾವ ಪರೀಕ್ಷೆಯೂ ಬೇಡ. ಚಾರ್ಜರ್ ಕಿತ್ತು, ಮರದ ಕಪಾಟಿನಿಂದ ತೆಗೆದು ಸಿಮೆಂಟ್ ನೆಲದ ಮೇಲಿಡಿ, ಅದೇ ದಿನ ರಿಪೇರಿಯವರಿಗೆ ತೋರಿಸಿ.